ನಲವತ್ತೊಂಬತ್ತರ ಜಪ

ಹೆವಿವೇಟ್ ಬಾಕ್ಸಿಂಗಿನ ಸಾರ್ವಕಾಲಿಕ ಶ್ರೇಷ್ಠರ ಪಟ್ಟಿ ಬರೆಯಲು ಕೂತವರಿಗೆ ಮೊದಲೆರಡು ಹೆಸರು ತಡವಾಗುವುದಿಲ್ಲ. ಮಹಮ್ಮದ್ ಅಲಿ, ಜೋ ಲೂಯಿ. ಇಲ್ಲವೇ ಜೋ ಲೂಯಿ, ಮಹಮ್ಮದ್ ಅಲಿ. ಮೂರನೆಯದಕ್ಕೆ ಬರುವಾಗ ಕೈ ತಾನಾಗಿ ರಾಕಿ ಮಾರ್ಸಿಯಾನೋ ಎಂದು ಬರೆದುಬಿಡುತ್ತದೆ. 49 ಪಂದ್ಯ, 49 ಗೆಲುವು, ಸೋಲು ಸೊನ್ನೆ. ಇನ್ನೇನು ಬೇಕು? ಲ್ಯಾರಿ ಹೋಮ್ಸ್ ಮಾತ್ರ ಆರನೆಯವನೋ ಒಂಬತ್ತನೆಯವನೋ ಆಗಿ ಕೆಳಗೆಲ್ಲೋ ಸಿಗುತ್ತಾನೆ. ಹೆಸರಿನ ಮುಂದೆ ಮಾಮೂಲಿ ಷರಾ: ಅಲಿ ಎದ್ದು ಹೋದ ಮೇಲೆ, ಟೈಸನ್ ಬಂದು ಕೂರುವ ತನಕ, ಕುರ್ಚಿ ಕಾದವನು.

ಏಳು ವರ್ಷ ಕಾದ ಕುರ್ಚಿ! 1978ರ ಜೂನ್‌ನಿಂದ 1985ರ ಸೆಪ್ಟೆಂಬರ್‌ವರೆಗೆ ಪಟ್ಟದಲ್ಲಿದ್ದವನು ಬರೀ ಕಾವಲುಗಾರನಾದರೆ, ನಾಲ್ಕು ವರ್ಷವೂ ತುಂಬದೆ ಎದ್ದು ಹೋದ ಮಾರ್ಸಿಯಾನೋ ಯಾರು? ಮಾರ್ಸಿಯಾನೋ ಪಟ್ಟ ಉಳಿಸಿಕೊಂಡದ್ದು ಆರು ಸಲ, ಹೋಮ್ಸ್ 20 ಸಲ. ಒಂದೇ ಆಳ್ವಿಕೆಯಲ್ಲಿ ಇದಕ್ಕಿಂತ ಹೆಚ್ಚು ಸಲ ಉಳಿಸಿಕೊಂಡ ಹೆವಿವೇಟ್ ಒಬ್ಬನೇ, 25 ಸಲ ಗೆದ್ದ ಲೂಯಿ. ಅಂಕಿಗಳ ಮೇಲೆ ಅಷ್ಟೊಂದು ಭಕ್ತಿ ಇಟ್ಟುಕೊಂಡವರು ಈ ಅಂಕಿಯ ಎದುರು ಮಾತ್ರ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಆ 49ರ ಒಳಗೆ ಏನಿದೆ ಎಂದು ಬಿಚ್ಚಿ ನೋಡುವುದೂ ಪೂಜೆಯ ಭಾಗವಲ್ಲ. 1951ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಮಾರ್ಸಿಯಾನೋ ಎಂಟನೆಯ ಸುತ್ತಿನಲ್ಲಿ ಕೆಡವಿದ್ದು 37 ವರ್ಷದ ಜೋ ಲೂಯಿಯನ್ನು, ತೆರಿಗೆ ಬಾಕಿಯ ಕಾಟಕ್ಕೆ ಮತ್ತೆ ಗ್ಲೌಸ್ ಕಟ್ಟಿದ್ದ ಲೂಯಿಯನ್ನು. ಮರುವರ್ಷ ಪಟ್ಟ ಕಸಿದುಕೊಂಡದ್ದು 38ರ ಜರ್ಸಿ ಜೋ ವಾಲ್ಕಾಟ್‌ನಿಂದ. ಅದೂ ಅಂಕಗಳಲ್ಲಿ ಹಿಂದೆ ಬಿದ್ದಿದ್ದಾಗ, 13ನೆಯ ಸುತ್ತಿನ ಒಂದೇ ಬಲಗೈ ಗುದ್ದಿನಿಂದ. 1955ರ ಸೆಪ್ಟೆಂಬರ್ 21ರಂದು ಕೊನೆಯ ಪಂದ್ಯದ ಎದುರಾಳಿ ಆರ್ಚಿ ಮೂರ್ ನಲವತ್ತರ ಆಸುಪಾಸಿನ ಲೈಟ್ ಹೆವಿವೇಟ್. ಆ ಮೂರ್ ಕೂಡ ಎರಡನೆಯ ಸುತ್ತಿನಲ್ಲಿ ಮಾರ್ಸಿಯಾನೋಗೆ ನೆಲ ತೋರಿಸಿದ್ದ. ಸುಮಾರು 84 ಕೆ.ಜಿ. ತೂಕದ, ಕೈಯಳತೆ ಗಿಡ್ಡವಾದ ಮನುಷ್ಯ ಛಲವೊಂದನ್ನೇ ನಂಬಿ ಇವರನ್ನೆಲ್ಲ ಗೆದ್ದ ಎಂಬುದು ನಿಜ. ಛಲಕ್ಕೆ ನಮಸ್ಕಾರ. ಆದರೆ ನಮಸ್ಕಾರ ಮಾಡಿದ ಕೂಡಲೇ ಮೂರನೆಯ ಪೀಠ ಬಿಟ್ಟುಕೊಡಬೇಕೆಂಬ ಕಟ್ಟಳೆಯೇನೂ ಇಲ್ಲ.

ಸೋಲದಿರುವುದೇ ಶ್ರೇಷ್ಠತೆಗೆ ಪ್ರಮಾಣವೆನ್ನುವುದಾದರೆ ಡೆನ್ಮಾರ್ಕಿನ ಬ್ರಿಯಾನ್ ನೀಲ್ಸನ್‌ಗೂ ಆರತಿ ಎತ್ತಬೇಕು. 1999ರಲ್ಲಿ ಅವನದೂ 49 ಪಂದ್ಯ, 49 ಗೆಲುವು. ಐವತ್ತನೆಯದರಲ್ಲಿ ಡಿಕಿ ರಯಾನ್ ಎಂಬವನು ಅವನನ್ನು ಸೋಲಿಸಿದ. ಆ ಸೋಲಿಗೆ ಮುಂಚೆಯೂ ನೀಲ್ಸನ್‌ನನ್ನು ಮಾರ್ಸಿಯಾನೋ ಪಕ್ಕ ಕೂರಿಸುವ ಹುಚ್ಚು ಯಾರಿಗೂ ಹಿಡಿದಿರಲಿಲ್ಲ; ಅವನು ಯಾರನ್ನು ಗೆದ್ದ ಎಂಬ ಪ್ರಶ್ನೆ ಆಗ ಎಲ್ಲರಿಗೂ ತಟ್ಟನೆ ಹೊಳೆಯಿತು. ಫ್ಲಾಯ್ಡ್ ಮೇವೆದರ್ 2017ರಲ್ಲಿ 50 ಮುಟ್ಟಿದ್ದು, ಅದಕ್ಕೆ ಮುಂಚೆ ವೃತ್ತಿಪರ ಬಾಕ್ಸಿಂಗಿನಲ್ಲಿ ಒಂದು ಪಂದ್ಯವನ್ನೂ ಆಡಿರದ ಕಾನರ್ ಮೆಕ್‌ಗ್ರೆಗರ್‌ನನ್ನು ಹೊಡೆದು.

ಇನ್ನು ಹೋಮ್ಸ್. ಜಾರ್ಜಿಯಾದ ಕತ್‌ಬರ್ಟ್‌ನಲ್ಲಿ 1949ರಲ್ಲಿ ಹುಟ್ಟಿ, ಪೆನ್ಸಿಲ್ವೇನಿಯಾದ ಈಸ್ಟನ್‌ನಲ್ಲಿ ಬೆಳೆದವನು. ಏಳನೆಯ ತರಗತಿಗೆ ಶಾಲೆ ಬಿಟ್ಟು ಕಾರು ತೊಳೆದ. ಆಮೇಲೆ ಅಲಿಯ ಡೀರ್ ಲೇಕ್ ಶಿಬಿರದಲ್ಲಿ ಅಭ್ಯಾಸಕ್ಕೆ ಜೊತೆಗಾರನಾದ. ಎಂದರೆ, ಗುರುವಿನ ಗುದ್ದು ತಿಂದು ಸಂಬಳ ಪಡೆಯುವ ಕೆಲಸ. ಅಲ್ಲಿಂದ ಅವನು ಹೊತ್ತುಕೊಂಡು ಬಂದದ್ದು ಎಡಗೈ. ಹೆವಿವೇಟ್ ಚರಿತ್ರೆಯಲ್ಲಿ ಅಂಥ ಜ್ಯಾಬ್ ಇನ್ನೊಂದಿಲ್ಲ ಎಂದರೆ ಅಲಿಯ ಅಭಿಮಾನಿಗಳು ಮುನಿಯಬಹುದು, ಮುನಿಯಲಿ. ಅಲಿಯ ಜ್ಯಾಬ್ ಚುಚ್ಚುತ್ತಿತ್ತು, ಹೋಮ್ಸ್‌ನದು ತಡೆಯುತ್ತಿತ್ತು. ಎದುರಾಳಿ ಕಾಲು ಮುಂದಿಡುವ ಮೊದಲೇ, ಸೊಂಟದ ಮಟ್ಟದಿಂದ ಮೇಲೆದ್ದ ಗ್ಲೌಸ್ ಅವನ ಹಣೆಗೆ ಬಂದು ಮುಟ್ಟಿರುತ್ತಿತ್ತು. ಒಂದಾದ ಮೇಲೆ ಇನ್ನೊಂದು, ಅದರ ಬೆನ್ನಿಗೇ ಮತ್ತೊಂದು. ಎಂಟು ಸುತ್ತು ಕಳೆಯುವಷ್ಟರಲ್ಲಿ ಕಣ್ಣು ಊದಿ, ದೊಡ್ಡ ಗುದ್ದು ಬೀಸುವ ಆಸೆಯೇ ಎದುರಾಳಿಗೆ ಇಂಗಿಹೋಗುತ್ತಿತ್ತು. ದೂರದ ಸೀಟಿನವರಿಗೆ ಇದು ಕಾಣುವುದಿಲ್ಲ. ಕೂಗಿ ಕುಣಿಯಲು ನಾಕೌಟ್ ಬೇಕು.

1978ರಲ್ಲಿ ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್‌ನಲ್ಲಿ ಕೆನ್ ನಾರ್ಟನ್ ಎದುರು ಅವನು ಇಳಿದಾಗ ಆ ಎಡಗೈಯಲ್ಲೇ ಪೆಟ್ಟಿತ್ತು. ಹದಿನಾಲ್ಕು ಸುತ್ತು ಸಮಸಮ. ಹದಿನೈದನೆಯ ಸುತ್ತಿನಲ್ಲಿ ಇಬ್ಬರೂ ರಕ್ಷಣೆಯ ಗೊಡವೆ ಬಿಟ್ಟು ಹೊಡೆದಾಡಿದ ಆ ಮೂರು ನಿಮಿಷ ನೋಡಿದವರು ಹೋಮ್ಸ್‌ನನ್ನು ಅಳೆದು ತೂಗಿ ಆಡುವ ಲೆಕ್ಕಿಗನೆಂದು ಕರೆಯಲಾರರು. ಮೂವರು ತೀರ್ಪುಗಾರರದೂ ಒಂದೇ ಅಂತರ, 143-142. ಇಬ್ಬರು ಹೋಮ್ಸ್ ಕಡೆ, ಒಬ್ಬ ನಾರ್ಟನ್ ಕಡೆ. ಮರುವರ್ಷ ಅರ್ನಿ ಶೇವರ್ಸ್ ಏಳನೆಯ ಸುತ್ತಿನಲ್ಲಿ ಅವನನ್ನು ನೆಲಕ್ಕೆ ಹಾಕಿದ. ಶೇವರ್ಸ್‌ನ ಬಲಗೈ ಆ ಕಾಲದ ಅತಿ ಭಾರದ ಗುದ್ದು. ಹೋಮ್ಸ್ ಎದ್ದ, 11ನೆಯ ಸುತ್ತಿನಲ್ಲಿ ಪಂದ್ಯ ಮುಗಿಸಿದ.

ಆಮೇಲೆ 1980ರ ಅಕ್ಟೋಬರ್ 2. ಎರಡು ವರ್ಷ ಕಣಕ್ಕಿಳಿಯದ 38ರ ಅಲಿ, ಥೈರಾಯ್ಡ್ ಮಾತ್ರೆ ನುಂಗಿ ತೂಕ ಇಳಿಸಿಕೊಂಡು ಬಂದಿದ್ದ. ಹೋಮ್ಸ್ ಹೊಡೆಯುತ್ತಲೇ ರೆಫ್ರಿಯ ಕಡೆ ನೋಡುತ್ತಿದ್ದ, ನಿಲ್ಲಿಸಬಾರದೇ ಎನ್ನುವ ಹಾಗೆ. ಹತ್ತನೆಯ ಸುತ್ತಿನ ನಂತರ ಅಲಿಯ ತರಬೇತುದಾರ ಏಂಜೆಲೋ ಡಂಡಿ ಸಾಕೆಂದ. ಹೋಮ್ಸ್ ಅತ್ತ. ಲೂಯಿಯನ್ನು ಕೆಡವಿದ ರಾತ್ರಿ ಮಾರ್ಸಿಯಾನೋ ಕೂಡ ಅತ್ತಿದ್ದ. ಮಾರ್ಸಿಯಾನೋನ ಕಣ್ಣೀರು ಅವನ ದೊಡ್ಡ ಗುಣದ ಕಥೆಯಾಯಿತು. ಹೋಮ್ಸ್ ಮಾತ್ರ ಅಲಿಯನ್ನು ಹೊಡೆದವನೆಂಬ ಆಪಾದನೆ ಹೊತ್ತು ತಿರುಗಬೇಕಾಯಿತು. ಈ ಗೆಲುವನ್ನು ಹೋಮ್ಸ್ ಖಾತೆಯಿಂದ ತೆಗೆದುಹಾಕಿದರೂ ನಷ್ಟವಿಲ್ಲ. ಹಾಗೆಯೇ ಲೂಯಿಯ ಹೆಸರನ್ನು ಮಾರ್ಸಿಯಾನೋ ಖಾತೆಯಿಂದ ತೆಗೆದರೆ ಎಷ್ಟು ಉಳಿಯುತ್ತದೆ?

ಅವನ ಎದುರಾಳಿಗಳು ಚಿಲ್ಲರೆ ಎಂಬ ಮಾತೂ ಇದೆ. ಮೈಕ್ ವೀವರ್, ಟ್ರೆವರ್ ಬರ್ಬಿಕ್, ಟಿಮ್ ವಿದರ್‌ಸ್ಪೂನ್, ಜೇಮ್ಸ್ ಸ್ಮಿತ್: ಈ ನಾಲ್ವರೂ ಹೋಮ್ಸ್ ಕೈಲಿ ಸೋತ ಮೇಲೆ ಒಂದಲ್ಲ ಒಂದು ಮಂಡಳಿಯ ಚಾಂಪಿಯನ್ ಆದವರು. 1986ರಲ್ಲಿ ಟೈಸನ್ ಪಟ್ಟ ಏರಿದ್ದು ಇದೇ ಬರ್ಬಿಕ್‌ನನ್ನು ಕೆಡವಿ, ಆಗ ಜಗತ್ತೇ ಬೆರಗಾಯಿತು. ಐದು ವರ್ಷ ಮೊದಲು ಹೋಮ್ಸ್ ಅವನನ್ನು 15 ಸುತ್ತು ಆಡಿಸಿ ಗೆದ್ದಾಗ ಆಕಳಿಸಿತ್ತು. ಗ್ರೆಗ್ ಪೇಜ್ ಜೊತೆ ಆಡದೆ ಡಬ್ಲ್ಯುಬಿಸಿ ಪಟ್ಟ ಬಿಟ್ಟುಕೊಟ್ಟ, ಬದಲಿಗೆ ಹಸುಳೆಯಂಥ ಮಾರ್ವಿಸ್ ಫ್ರೇಜಿಯರ್‌ನನ್ನು ಒಂದೇ ಸುತ್ತಿನಲ್ಲಿ ಮುಗಿಸಿದ ಎಂಬ ದೂರಿನಲ್ಲಿ ಹುರುಳಿದೆ. ಇರಲಿ, 20ರಲ್ಲಿ ಕೆಲವು ಹಗುರಾದವು. ಲೂಯಿಯ 25ರಲ್ಲೂ ಹಗುರಾದವು ಇದ್ದವು, ತಿಂಗಳಿಗೊಬ್ಬ ಬಡಪಾಯಿ ಎಂದು ಪತ್ರಿಕೆಗಳೇ ಗೇಲಿ ಮಾಡಿದ್ದವು. ಅದರಿಂದ ಲೂಯಿಯ ಪೀಠ ಅಲುಗಲಿಲ್ಲ.

ಹಾಗಾದರೆ ತಕರಾರು ದಾಖಲೆಯದಲ್ಲ, ರುಚಿಯದು. ರುಚಿಯ ಬೇರು ಎಲ್ಲಿದೆ ಎಂಬುದಕ್ಕೆ 1982ರ ಬೇಸಿಗೆ ನೋಡಬೇಕು. ಮೇ ತಿಂಗಳಲ್ಲಿ ಸಿಲ್ವೆಸ್ಟರ್ ಸ್ಟಲೋನ್‌ನ ಮೂರನೆಯ 'ರಾಕಿ' ಚಿತ್ರ ತೆರೆಗೆ ಬಂತು. ಜೂನ್‌ನಲ್ಲಿ ಹೋಮ್ಸ್ ಎದುರು ಜೆರ್ರಿ ಕೂನಿ ನಿಂತ. ಕೂನಿ ಬಿಳಿಯ, ಎತ್ತರದವ, ಅಜೇಯ. 'ಟೈಮ್' ಪತ್ರಿಕೆಯ ಮುಖಪುಟದಲ್ಲಿ ಸ್ಟಲೋನ್ ಜೊತೆಗೆ ಕಾಣಿಸಿಕೊಂಡವನು ಸವಾಲು ಹಾಕಿದ ಕೂನಿ, ಚಾಂಪಿಯನ್ ಅಲ್ಲ. ಕಣದಲ್ಲಿ ಹೆಸರು ಕೂಗುವಾಗ ಚಾಂಪಿಯನ್ನನ್ನು ಕೊನೆಗೆ ಕೂಗುವುದು ಪದ್ಧತಿ. ಅಂದು ಹೋಮ್ಸ್‌ನ ಹೆಸರು ಮೊದಲು ಬಂತು. ಅವನು ಎರಡನೆಯ ಸುತ್ತಿನಲ್ಲಿ ಕೂನಿಯನ್ನು ಕೆಡವಿ, ಜ್ಯಾಬ್‌ನಿಂದ ಸವೆಸಿ ಸವೆಸಿ, 13ನೆಯ ಸುತ್ತಿನಲ್ಲಿ ಕೂನಿಯ ತರಬೇತುದಾರನೇ ಕಣಕ್ಕೆ ಧಾವಿಸಿ ನಿಲ್ಲಿಸುವ ಹಾಗೆ ಮಾಡಿದ. ಸಿನಿಮಾದ ರಾಕಿಯ ಮನೆಯ ಗೋಡೆಯ ಮೇಲಿರುವುದು ಮಾರ್ಸಿಯಾನೋನ ಚಿತ್ರ ಎಂಬುದನ್ನು ಇಲ್ಲಿ ನೆನೆಯಬಹುದು. ಫಿಲಡೆಲ್ಫಿಯಾ ನಗರ ಕಲ್ಪಿತ ರಾಕಿಗೆ ಎಂದೋ ಪ್ರತಿಮೆ ನಿಲ್ಲಿಸಿತ್ತು. ಅದೇ ಊರಿನ ನಿಜವಾದ ಚಾಂಪಿಯನ್ ಜೋ ಫ್ರೇಜಿಯರ್‌ಗೆ ಪ್ರತಿಮೆ ಸಿಕ್ಕಿದ್ದು 2015ರಲ್ಲಿ, ಅವನು ಸತ್ತು ನಾಲ್ಕು ವರ್ಷವಾದ ಮೇಲೆ.

ಬಣ್ಣದ ವಿಷಯ ಅಮೆರಿಕದ್ದು. ಕಸುಬಿಗಿಂತ ಕಥೆಗೆ ಸೋಲುವ ಚಟ ಎಲ್ಲ ಕಡೆಯದು. ಕನ್ನಡದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2001ರ ಕೋಲ್ಕತ್ತಾ ಟೆಸ್ಟ್ ಎಂದರೆ ಲಕ್ಷ್ಮಣ್‌ರ 281. ದಿನವಿಡೀ ಎದುರು ತುದಿಯಲ್ಲಿ ನಿಂತು ದ್ರಾವಿಡ್ ಹೊಡೆದ 180 ಅಡಿಟಿಪ್ಪಣಿ. 1999ರ ಟಾಂಟನ್‌ನಲ್ಲಿ ಗಂಗೂಲಿಯ 183ರ ಪಕ್ಕ ದ್ರಾವಿಡ್‌ರ 145 ಇತ್ತೆಂದು ನೆನಪಿಸಿಕೊಡಬೇಕಾಗುತ್ತದೆ. ಇದಕ್ಕೆಲ್ಲ ಬೆಂಗಳೂರಿನಲ್ಲಿ ಸಿಟ್ಟಾಗುವವರೇ ಬಾಕ್ಸಿಂಗಿಗೆ ಬಂದರೆ ಮಾರ್ಸಿಯಾನೋ, ಟೈಸನ್ ಎಂದು ಹುಬ್ಬು ಹಾರಿಸುತ್ತಾರೆ. ಹೋಮ್ಸ್ ಹೆಸರಿಗೆ ಮುಖದಲ್ಲಿ ಏನೂ ಮೂಡುವುದಿಲ್ಲ.

ಹೋಮ್ಸ್‌ನ ಬಾಯಿಯೂ ಅವನಿಗೆ ಶತ್ರುವಾಯಿತು, ಒಪ್ಪಬೇಕು. 1985ರ ಸೆಪ್ಟೆಂಬರ್ 21, ಮಾರ್ಸಿಯಾನೋನ ಕೊನೆಯ ಪಂದ್ಯಕ್ಕೆ ಸರಿಯಾಗಿ ಮೂವತ್ತು ವರ್ಷ. 48 ಗೆದ್ದಿದ್ದ ಹೋಮ್ಸ್, ಲೈಟ್ ಹೆವಿವೇಟ್‌ನಿಂದ ಮೇಲೆ ಬಂದ ಮೈಕೆಲ್ ಸ್ಪಿಂಕ್ಸ್‌ಗೆ ಕೂದಲೆಳೆಯಲ್ಲಿ ಸೋತ. ಆ ಸಂಕಟದಲ್ಲಿ ಮಾರ್ಸಿಯಾನೋ ತನ್ನ ಒಳಉಡುಪು ಹೊರಲೂ ಲಾಯಕ್ಕಲ್ಲ ಎಂಬರ್ಥದ ಮಾತಾಡಿದ. ಸತ್ತವನ ಬಗ್ಗೆ ಆಡುವ ಮಾತಲ್ಲ. ಅಮೆರಿಕ ಆ ಒಂದು ವಾಕ್ಯಕ್ಕೆ ಅವನನ್ನು ಇವತ್ತಿಗೂ ಪೂರ್ತಿ ಕ್ಷಮಿಸಿಲ್ಲ. ಆದರೆ ಕಟುವಾದ ಮಾತು ತಪ್ಪೆಂದಾಕ್ಷಣ ತೂಕವೂ ತಪ್ಪಾಗುವುದಿಲ್ಲ.

ಮಾರ್ಸಿಯಾನೋ ನಿವೃತ್ತನಾದದ್ದು 32ಕ್ಕೆ. ಅದೇ 32ರಲ್ಲಿ, ಕೂನಿಯನ್ನು ಗೆದ್ದ ರಾತ್ರಿ, ಹೋಮ್ಸ್ ಗ್ಲೌಸ್ ಕಳಚಿಟ್ಟಿದ್ದರೆ ಅವನ ದಾಖಲೆಯೂ 40 ಪಂದ್ಯ, 40 ಗೆಲುವು ಎಂದು ಕಲೆಯಿಲ್ಲದೆ ಉಳಿಯುತ್ತಿತ್ತು. ಉಳಿಸಿಕೊಳ್ಳಲಿಲ್ಲ. 75 ಪಂದ್ಯ ಆಡಿ ಆರು ಸೋತ. ಪೂರ್ತಿ ಸುತ್ತು ಆಡದೆ ಬಿದ್ದದ್ದು ಟೈಸನ್ ಎದುರು ಒಮ್ಮೆ ಮಾತ್ರ. 1992ರಲ್ಲಿ, 42ರ ವಯಸ್ಸಿನಲ್ಲಿ, ಸೋಲ್ ಒಲಿಂಪಿಕ್ಸ್‌ನ ಚಿನ್ನದ ಪದಕ ಗೆದ್ದಿದ್ದ ಅಜೇಯ ರೇ ಮರ್ಸರ್‌ಗೆ ಹಗ್ಗಕ್ಕೆ ಒರಗಿಕೊಂಡೇ ಪಾಠ ಹೇಳಿದ. 1995ರಲ್ಲಿ ಎದುರಿಗೆ ಸಿಕ್ಕವನು ಆಲಿವರ್ ಮೆಕಾಲ್, ಲೆನಾಕ್ಸ್ ಲೂಯಿಸ್‌ನನ್ನು ಎರಡೇ ಸುತ್ತಿನಲ್ಲಿ ಉರುಳಿಸಿ ಪಟ್ಟಕ್ಕೇರಿದ್ದವನು. ಹೋಮ್ಸ್ 12 ಸುತ್ತು ಆಡಿ ಅಲ್ಪ ಅಂತರದಿಂದ ಸೋತ. ಆಗ ಅವನಿಗೆ 45. ಮಾರ್ಸಿಯಾನೋ ಕೂಡ ತನ್ನ 45ರಲ್ಲಿ, 1969ರಲ್ಲಿ, ಅಲಿಯ ಜೊತೆ ಹೊಡೆದಾಡಿದ್ದುಂಟು: ತಲೆಗೆ ವಿಗ್ ಹಾಕಿಕೊಂಡು, ಸಿನಿಮಾ ಕ್ಯಾಮೆರಾದ ಮುಂದೆ, ಇಬ್ಬರಲ್ಲಿ ಯಾರು ಮೇಲು ಎಂದು ಕಂಪ್ಯೂಟರ್ ತೀರ್ಪು ಕೊಡಲೆಂದು. ಮರುವರ್ಷ ಅದು ಚಿತ್ರಮಂದಿರಗಳಿಗೆ ಬಂದಾಗ 13ನೆಯ ಸುತ್ತಿನಲ್ಲಿ ನಾಕೌಟ್ ಮಾಡಿ ಗೆದ್ದವನು ಮಾರ್ಸಿಯಾನೋ.