ಕಲ್ಲು ಹಿಡಿದ ಕೈಗೆ ಭಾನುವಾರದ ಪಾಠ

ಧರ್ಮಗ್ರಂಥ ಓದುವವನ ಮುಂದೆ ಯಾವಾಗಲೂ ಒಂದು ಸುಲಭದ ದಾರಿ ಇರುತ್ತದೆ. ಸಮಾಧಾನದ ಮಾತುಗಳನ್ನು ತನಗೆ ಇಟ್ಟುಕೊಂಡು, ಎಚ್ಚರಿಕೆಯ ಮಾತುಗಳನ್ನು ಪಕ್ಕದ ಮನೆಯವನಿಗೆ ದಾಟಿಸುವ ದಾರಿ ಅದು. ಎಲ್ಲ ಧರ್ಮಗಳ ಪ್ರವಚನಕಾರರೂ ಈ ದಾರಿಯಲ್ಲಿ ಒಮ್ಮೆಯಾದರೂ ನಡೆದವರೇ. ಹಾಗಾಗಿ ಒಂದು ಪ್ರವಚನವನ್ನು ಅಳೆಯುವಾಗ ಭಾಷೆ ಎಷ್ಟು ಚೆನ್ನಾಗಿದೆ, ಪಾಂಡಿತ್ಯ ಎಷ್ಟಿದೆ ಎಂದು ಕೇಳುವ ಮೊದಲು, ಮಾತನಾಡುವವನ ಬೆರಳು ಯಾರ ಕಡೆಗೆ ತಿರುಗಿದೆ ಎಂದು ಕೇಳಬೇಕಾಗುತ್ತದೆ.

ಈ ದೃಷ್ಟಿಯಿಂದ ಕ್ರೈಸ್ತರ ವಾರದ ಪಠಣ ಕ್ರಮವನ್ನು ಗಮನಿಸಬೇಕು. ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ, 1969ರಲ್ಲಿ ಕ್ಯಾಥೊಲಿಕ್ ಧರ್ಮಸಭೆ ಭಾನುವಾರದ ಪಾಠಗಳನ್ನು ಮೂರು ವರ್ಷಗಳ ಸುತ್ತಿಗೆ ಹಂಚಿತು. ಒಂದು ವರ್ಷ ಮತ್ತಾಯ, ಇನ್ನೊಂದು ವರ್ಷ ಮಾರ್ಕ, ಮೂರನೆಯ ವರ್ಷ ಲೂಕ. ತಪಸ್ಸುಕಾಲ ಹಾಗೂ ಈಸ್ಟರ್ ದಿನಗಳಲ್ಲಿ ಯೋಹಾನನ ಭಾಗಗಳು ಹೆಚ್ಚು. ಇದನ್ನೇ ಆಧಾರವಾಗಿಟ್ಟುಕೊಂಡ ಒಂದು ಪಟ್ಟಿ 1992ರಲ್ಲಿ ಅನೇಕ ಪ್ರೊಟೆಸ್ಟೆಂಟ್ ಸಭೆಗಳಿಗಾಗಿಯೂ ಸಿದ್ಧವಾಯಿತು. ಮಂಗಳೂರಿನ ಇಗರ್ಜಿಯಲ್ಲಿ ಕೊಂಕಣಿಯಲ್ಲಿ ಓದುವ ಪಾಠವೇ ಅದೇ ಭಾನುವಾರ ಲ್ಯಾಟಿನ್ ಅಮೆರಿಕದ ಹಳ್ಳಿಯಲ್ಲಿ ಸ್ಪ್ಯಾನಿಶ್‌ನಲ್ಲಿ ಕೇಳಿಸುತ್ತದೆ. ಗುರುವಿಗೆ ಇಷ್ಟವಿರಲಿ ಇಲ್ಲದಿರಲಿ, ಆ ದಿನದ ಪಾಠದ ಮುಂದೆ ಅವನು ನಿಲ್ಲಲೇಬೇಕು. ಈ ಕ್ರಮದ ದೊಡ್ಡ ಗುಣ ಇದೇ.

ಆದರೆ ಆಯ್ಕೆ ಎಂಬುದು ಇಲ್ಲಿಯೂ ಪೂರ್ತಿಯಾಗಿ ತಪ್ಪಿಲ್ಲ. ಪಟ್ಟಿ ಮಾಡಿದವರೂ ಕತ್ತರಿ ಹಿಡಿದವರೇ. ದಾವೀದ ರಾಜನ ಬಳಿಗೆ ಪ್ರವಾದಿ ನಾತಾನ್ ಬಂದು, ಬಡವನ ಒಂದೇ ಒಂದು ಕುರಿಮರಿಯನ್ನು ಸಿರಿವಂತ ಕಿತ್ತುಕೊಂಡ ಕಥೆ ಹೇಳುತ್ತಾನೆ. ಸಿಟ್ಟಿಗೆದ್ದ ರಾಜ ಆ ಸಿರಿವಂತನಿಗೆ ಶಿಕ್ಷೆ ಘೋಷಿಸುತ್ತಾನೆ. ಆ ಮನುಷ್ಯ ನೀನೇ ಎಂಬ ಉತ್ತರ ಬರುತ್ತದೆ. ಆತ್ಮವಿಮರ್ಶೆಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕೆ? ಆದರೂ ಕ್ಯಾಥೊಲಿಕ್ ಪಟ್ಟಿಯ ಭಾನುವಾರದ ಪಾಠ ಕಥೆಯನ್ನು ಬಿಟ್ಟು, ಅದರ ಮುಂದಿನ ಗದರಿಕೆಯಿಂದ ಶುರುವಾಗುತ್ತದೆ. ಕಥೆ ಸಿಗಬೇಕಾದರೆ ವಾರದ ದಿನದ ಪೂಜೆಗೆ, ಅದೂ ಎರಡು ವರ್ಷಕ್ಕೊಮ್ಮೆ ಹೋಗಬೇಕು. ಮೊದಲು ಬೇರೆಯವನ ಮೇಲೆ ಸಿಟ್ಟಾಗಿ, ಆಮೇಲೆ ಆ ಸಿಟ್ಟಿನಲ್ಲಿ ತಾನೇ ಸಿಕ್ಕಿಬೀಳುವ ಅನುಭವ ಭಾನುವಾರದ ಕೇಳುಗನಿಗೆ ತಪ್ಪಿಹೋಗುತ್ತದೆ.

ಕುರಿಯ ವ್ಯಾಜ್ಯ ಮುಸ್ಲಿಮ್ ಓದುಗರಿಗೂ ಹೊಸದಲ್ಲ. ಕುರ್‌ಆನಿನ ಸಾದ್ ಅಧ್ಯಾಯದಲ್ಲಿ ತೊಂಬತ್ತೊಂಬತ್ತು ಕುರಿಗಳಿರುವವನು ಒಂದೇ ಕುರಿಯುಳ್ಳವನಿಂದ ಅದನ್ನೂ ಕೇಳಿದ ದೂರು ಪ್ರವಾದಿ ದಾವೂದ್(ಅ)ರ ಮುಂದೆ ಬರುತ್ತದೆ. ತೀರ್ಪು ಹೇಳಿದ ಮೇಲೆ ಇದು ತನ್ನದೇ ಪರೀಕ್ಷೆಯೆಂದು ಅರಿತು ಅವರು ಕ್ಷಮೆ ಬೇಡುತ್ತಾರೆ. ಬೈಬಲಿನ ಕಥೆಯಲ್ಲಿ ದಾವೀದನ ಮೇಲಿರುವ ಆರೋಪವನ್ನು ಮುಸ್ಲಿಮ್ ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪುವುದಿಲ್ಲ. ಆದರೆ ತೀರ್ಪು ಕೊಡುವವನೂ ಪರೀಕ್ಷೆಗೆ ಒಳಗಾಗಿದ್ದಾನೆ ಎಂಬ ಮಾತಿನಲ್ಲಿ ಎರಡೂ ಪರಂಪರೆಗಳು ಹತ್ತಿರ ಬರುತ್ತವೆ.

ಪಠಣ ಕ್ರಮ ಎಷ್ಟೇ ಒಳ್ಳೆಯದಿರಲಿ, ಅದು ಜೀವ ಪಡೆಯುವುದು ಅದನ್ನು ತನಗೆ ಅನ್ವಯಿಸಿಕೊಳ್ಳುವವನಿಂದ. ಅಂಥ ಒಬ್ಬರು ಎಲ್ ಸಾಲ್ವಡೋರ್ ದೇಶದ ಮಹಾಧರ್ಮಾಧ್ಯಕ್ಷ ಆಸ್ಕರ್ ರೊಮೆರೊ. 1977ರ ಫೆಬ್ರವರಿಯಲ್ಲಿ ಅವರು ಆ ಸ್ಥಾನಕ್ಕೆ ಬಂದಾಗ ಸಂತೋಷಪಟ್ಟವರು ಭೂಮಾಲೀಕರು; ಈ ಮನುಷ್ಯ ಸಂಪ್ರದಾಯಸ್ಥ, ತಮ್ಮ ತಂಟೆಗೆ ಬರಲಾರ ಎಂಬುದು ಅವರ ಎಣಿಕೆ. ಮಾರ್ಚ್ 12ರಂದು ಬಡ ರೈತರ ನಡುವೆ ಕೆಲಸ ಮಾಡುತ್ತಿದ್ದ ಅವರ ಗೆಳೆಯ, ಗುರು ರುತಿಲಿಯೊ ಗ್ರಾಂದೆಯವರನ್ನು ಗುಂಡಿಕ್ಕಿ ಕೊಂದರು. ಜೊತೆಗಿದ್ದ ಒಬ್ಬ ವೃದ್ಧ, ಒಬ್ಬ ಹುಡುಗ ಕೂಡ ಸತ್ತರು. ಅಲ್ಲಿಂದ ಮೂರು ವರ್ಷ ರೊಮೆರೊ ನೀಡಿದ ಭಾನುವಾರದ ಪ್ರಬೋಧನೆಗಳು ಧರ್ಮಸಭೆಯ ರೇಡಿಯೋ ಮೂಲಕ ದೇಶದ ಮನೆಮನೆ ತಲುಪಿದವು. ಆ ಕೇಂದ್ರಕ್ಕೆ ಬಾಂಬ್ ಇಟ್ಟದ್ದೂ ಉಂಟು.

ಈಗ ಸಂಪುಟಗಳಾಗಿ ಸಿಗುವ ಈ ಪ್ರಬೋಧನೆಗಳ ರಚನೆ ಸರಳವಾದದ್ದು. ಮೊದಲು ಆ ದಿನದ ಪಾಠಗಳ ವಿವರಣೆ. ಆಮೇಲೆ ಧರ್ಮಸಭೆಯೊಳಗಿನ ವಾರದ ಸುದ್ದಿ. ಕೊನೆಗೆ ದೇಶದಲ್ಲಿ ನಡೆದದ್ದು: ಯಾರನ್ನು ಕೊಂದರು, ಯಾರು ಕಾಣೆಯಾದರು, ಎಲ್ಲಿ, ಯಾವಾಗ. ಪುಸ್ತಕವಾಗಿ ಓದುವಾಗ ಇವು ದಣಿಸುತ್ತವೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಎಷ್ಟೋ ಪ್ರಬೋಧನೆಗಳು ಒಂದು ಗಂಟೆ ದಾಟುತ್ತವೆ. ಶಾಸ್ತ್ರದ ಮಾತು ಹಾಗೂ ಸುದ್ದಿಯ ಪಟ್ಟಿ ಹಲವು ಕಡೆ ಒಂದಕ್ಕೊಂದು ಬೆಸೆಯದೆ ಪಕ್ಕಪಕ್ಕ ಕುಳಿತಿರುತ್ತವೆ. ಆದರೆ ಪತ್ರಿಕೆಗಳು ಬಾಯಿ ಮುಚ್ಚಿಕೊಂಡಿದ್ದ ದೇಶದಲ್ಲಿ ಸತ್ತವರ ಹೆಸರು ಕೇಳಿಸುತ್ತಿದ್ದದ್ದು ಅಲ್ಲಿ. ಆ ಪಟ್ಟಿಯನ್ನು ಶೈಲಿಯ ದೋಷವೆಂದು ತಳ್ಳಿಹಾಕಲು ಮನಸ್ಸು ಒಪ್ಪುವುದಿಲ್ಲ.

1980ರ ಮಾರ್ಚ್ 23ರ ಪ್ರಬೋಧನೆ ಲೋಕಕ್ಕೆಲ್ಲ ಗೊತ್ತು. ಗೊತ್ತಿರುವುದು ಅದರ ಕೊನೆಯ ಭಾಗ ಮಾತ್ರ: ನೀವು ಕೊಲ್ಲುತ್ತಿರುವ ರೈತರು ನಿಮ್ಮದೇ ಅಣ್ಣತಮ್ಮಂದಿರು, ಕೊಲ್ಲು ಎಂಬ ಆಜ್ಞೆಯನ್ನು ಪಾಲಿಸಬೇಕಾಗಿಲ್ಲ ಎಂದು ಸೈನಿಕರಿಗೆ ಹೇಳಿದ ಮಾತು. ಮರುದಿನ ಸಂಜೆ ಆಸ್ಪತ್ರೆಯ ಪ್ರಾರ್ಥನಾಲಯದಲ್ಲಿ ಪೂಜೆ ನಡೆಸುತ್ತಿದ್ದಾಗಲೇ ಅವರನ್ನು ಕೊಂದರು.

ಆದರೆ ಆ ಭಾನುವಾರದ ಪಾಠ ಯಾವುದಾಗಿತ್ತು? ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಯೇಸುವಿನ ಮುಂದೆ ಎಳೆದು ತಂದ ಪ್ರಸಂಗ. ಪಾಪವಿಲ್ಲದವನು ಮೊದಲ ಕಲ್ಲೆಸೆಯಲಿ ಎಂದಾಗ ಹಿರಿಯರಿಂದ ಮೊದಲ್ಗೊಂಡು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡುತ್ತಾರೆ. ಈ ಪಾಠದ ಮೇಲೆ ಮಾತನಾಡುತ್ತಾ ರೊಮೆರೊ ಹೇಳಿದ್ದು ಇಷ್ಟು: ವ್ಯವಸ್ಥೆಯ ಅನ್ಯಾಯವನ್ನು, ಸಮಾಜದ ಪಾಪವನ್ನು ಖಂಡಿಸುವುದು ಸುಲಭ, ಆದರೆ ಆ ಪಾಪದ ಊಟೆ ಇರುವುದು ಪ್ರತಿಯೊಬ್ಬ ಮನುಷ್ಯನ ಹೃದಯದಲ್ಲಿ. ಸರಕಾರವನ್ನು ದೇಶದಲ್ಲೇ ಅತಿ ಕಠಿಣವಾಗಿ ಖಂಡಿಸುತ್ತಿದ್ದ ವ್ಯಕ್ತಿಯ ಬಾಯಿಂದ ಬಂದ ಮಾತಿದು. ಕೊನೆಯ ಕರೆಯನ್ನು ಮಾತ್ರ ಉದ್ಧರಿಸುವ ಅಭಿಮಾನಿಗಳು ಈ ಭಾಗವನ್ನು ಬಿಟ್ಟುಬಿಡುತ್ತಾರೆ. ಖಾಸಗಿ ಪಶ್ಚಾತ್ತಾಪವೇ ಧರ್ಮ, ಉಳಿದದ್ದು ರಾಜಕೀಯ ಎನ್ನುವವರು ಆ ಕರೆಯನ್ನು ಬಿಟ್ಟುಬಿಡುತ್ತಾರೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದರಲ್ಲೇ ಆ ಪ್ರಬೋಧನೆಯ ಬಲವಿದೆ.

ಇದು ಬರಿಯ ಮಾತೂ ಆಗಿರಲಿಲ್ಲ. 1979ರ ಆಗಸ್ಟ್‌ನಲ್ಲಿ ಅವರು ಬರೆದ ನಾಲ್ಕನೆಯ ಪತ್ರ ದೇಶದ ಬಿಕ್ಕಟ್ಟಿನ ಬಗ್ಗೆ ಹೇಳುವಾಗ ಧರ್ಮಸಭೆಯೊಳಗಿನ ಒಡಕು, ದೋಷಗಳನ್ನೂ ಎತ್ತಿ ತೋರಿಸುತ್ತದೆ. ಎಡಪಂಥೀಯ ಗುಂಪುಗಳ ಅಪಹರಣ, ಹಿಂಸೆಗಳನ್ನೂ ಅವರು ಖಂಡಿಸಿದ್ದರು. ಹತ್ಯೆಯಾದ ದಿನವೂ ಅವರು ತಮ್ಮ ಗುರುವಿನ ಬಳಿ ಹೋಗಿ ಪಾಪನಿವೇದನೆ ಮಾಡಿಬಂದಿದ್ದರು. 2018ರಲ್ಲಿ ಧರ್ಮಸಭೆ ಸಂತನೆಂದು ಘೋಷಿಸಿದ ಮನುಷ್ಯ, ಬದುಕಿನ ಕೊನೆಯ ದಿನ ತನ್ನ ತಪ್ಪುಗಳ ಲೆಕ್ಕ ಒಪ್ಪಿಸುತ್ತಿದ್ದ.

ನಮ್ಮ ಜುಮಾ ಖುತ್ಬಾಗಳಿಗೆ ಇಂಥ ನಿಗದಿತ ಪಾಠದ ಪಟ್ಟಿಯಿಲ್ಲ. ವಿಷಯದ ಆಯ್ಕೆ ಖತೀಬರಿಗೆ ಬಿಟ್ಟದ್ದು. ಆದ್ದರಿಂದಲೇ ಹೊಣೆ ಇನ್ನಷ್ಟು ಹೆಚ್ಚು. ಪಕ್ಕದ ಸಮುದಾಯದ ತಪ್ಪುಗಳನ್ನು ಎಣಿಸಿ ಹೇಳುವ ಭಾಷಣ ಮಂದಿರ, ಮಸೀದಿ, ಇಗರ್ಜಿ ಎನ್ನದೆ ಎಲ್ಲೆಡೆ ಜನಪ್ರಿಯವಾಗಿರುವ ದಿನಗಳಿವು. ಕೇಳಿ ಹೊರಬರುವಾಗ ಇನ್ಯಾರ ಮೇಲೋ ಸಿಟ್ಟು ಮಾತ್ರ ಉಳಿದಿದ್ದರೆ ನಾವು ಕೇಳಿದ್ದು ಅರ್ಧ ಪಾಠ. ವರದಕ್ಷಿಣೆ ತೆಗೆದುಕೊಂಡವನಿಗೆ, ಕೂಲಿ ಬಾಕಿ ಉಳಿಸಿಕೊಂಡವನಿಗೆ, ತಂಗಿಯ ಪಾಲು ನುಂಗಿದವನಿಗೆ ಮನೆಯ ದಾರಿಯಲ್ಲಿ ಆ ವಿಷಯ ನೆನಪಾಗಿ ನಿದ್ದೆ ಕೆಟ್ಟರೆ, ಆ ವಾರದ ಪಾಠ ಮುಟ್ಟಬೇಕಾದಲ್ಲಿಗೆ ಮುಟ್ಟಿದೆ ಎಂದು ತಿಳಿಯಬಹುದು.