ಜನವಂತಿಗೆ ಮತ್ತು ಲಿನಕ್ಸ್ ಆಟಗಳ ಬೆಳವಣಿಗೆ

ಲಿನಕ್ಸ್ ಬಳಸುವವರಿಗೆ ಆಡಲು ಆಟಗಳಿಲ್ಲ ಎಂಬ ಮಾತು ಈಗ ಹಳತಾಗಿದೆ. ವಿಂಡೋಸ್‌ಗೆಂದು ಬರೆದ ಆಟಗಳನ್ನು ಲಿನಕ್ಸ್ ಮೇಲೆ ನಡೆಸುವ ಪ್ರೋಟಾನ್ ಎಂಬ ತಂತ್ರಾಂಶವನ್ನು ವಾಲ್ವ್ ಕಂಪನಿ 2018ರ ಆಗಸ್ಟ್‌ನಲ್ಲಿ ಬಿಡುಗಡೆ ಮಾಡಿದ್ದು, 2022ರ ಫೆಬ್ರವರಿಯಲ್ಲಿ ಅದೇ ಕಂಪನಿ ಲಿನಕ್ಸ್ ಆಧಾರಿತ ಸ್ಟೀಮ್ ಡೆಕ್ ಎಂಬ ಕೈಯಲ್ಲಿ ಹಿಡಿದು ಆಡುವ ಗಣಕವನ್ನು ಮಾರುಕಟ್ಟೆಗೆ ತಂದದ್ದು, ಈ ಎರಡರಿಂದಲೇ ಬದಲಾವಣೆ ಆಯಿತೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಇದರಲ್ಲಿ ಸತ್ಯವಿದೆಯಾದರೂ, ವಾಲ್ವ್ ಇತ್ತ ತಿರುಗಿ ನೋಡುವ ಮೊದಲೇ ಸಾವಿರಾರು ಸಾಮಾನ್ಯ ಬಳಕೆದಾರರು ತಮ್ಮ ಕೈಯಿಂದ ಹಣ ಹಾಕಿ ಆಟಗಳನ್ನೂ ಆಟ ಕಟ್ಟುವ ಸಲಕರಣೆಗಳನ್ನೂ ಬೆಳೆಸಿದ ಸಂಗತಿ ಲೆಕ್ಕಕ್ಕೆ ಸಿಗದೆ ಹೋಗಿದೆ. ಆ ಹಣ ಎಲ್ಲಿ ಫಲ ಕೊಟ್ಟಿತು, ಎಲ್ಲಿ ಹುಸಿಯಾಯಿತು ಎಂದು ಬಿಡಿಸಿ ನೋಡಿದರೆ, ಆಟಕ್ಕೆಂದು ಕೊಟ್ಟ ಹಣಕ್ಕಿಂತ ಸಲಕರಣೆಗಳಿಗೆಂದು ಕೊಟ್ಟ ಹಣವೇ ಹೆಚ್ಚು ಕಾಲ ಬಾಳಿರುವುದು ಕಂಡುಬರುತ್ತದೆ.

ಆಟದ ಕಂಪನಿಗಳು ಲಿನಕ್ಸನ್ನು ಬಹುಕಾಲ ಕಡೆಗಣಿಸಿದ್ದಕ್ಕೆ ಕಾರಣ ಬರಿಯ ಉದಾಸೀನವಲ್ಲ. ಗಣಕದ ಯಂತ್ರಭಾಗಗಳನ್ನೂ ತಂತ್ರಾಂಶಗಳನ್ನೂ ನಡೆಸುವ ಮೂಲ ವ್ಯವಸ್ಥೆಯೇ ಆಪರೇಟಿಂಗ್ ಸಿಸ್ಟಮ್; ವಿಂಡೋಸ್, ಲಿನಕ್ಸ್ ಎರಡೂ ಅಂತಹವು. ಒಂದು ಆಪರೇಟಿಂಗ್ ಸಿಸ್ಟಮ್‌ಗೆ ಬರೆದ ಆಟವನ್ನು ಇನ್ನೊಂದಕ್ಕೆ ಒಗ್ಗಿಸುವುದನ್ನು ಪೋರ್ಟ್ ಮಾಡುವುದು ಎನ್ನುತ್ತಾರೆ. ಪೋರ್ಟ್ ಮಾಡಲು ತಗಲುವ ಖರ್ಚು ಮೊದಲೇ ಗೊತ್ತಿರುತ್ತದೆ, ಕೊಳ್ಳುವವರು ಎಷ್ಟು ಮಂದಿ ಎಂಬುದು ಮಾತ್ರ ಗೊತ್ತಿರುವುದಿಲ್ಲ. 1998ರಲ್ಲಿ ಅಮೆರಿಕದಲ್ಲಿ ಸ್ಕಾಟ್ ಡ್ರೇಕರ್ ಸ್ಥಾಪಿಸಿದ ಲೋಕಿ ಸಾಫ್ಟ್‌ವೇರ್ ಈ ಪೋರ್ಟ್ ಕೆಲಸವನ್ನೇ ಕಸುಬಾಗಿಸಿಕೊಂಡು ‘ಸಿವಿಲೈಸೇಶನ್: ಕಾಲ್ ಟು ಪವರ್’, ‘ಕ್ವೇಕ್ 3 ಅರೀನಾ’ ಮುಂತಾದ ಹೆಸರಾಂತ ಆಟಗಳನ್ನು ಲಿನಕ್ಸ್‌ಗೆ ತಂದಿತು, ಆದರೆ ಮಾರಾಟ ಕೈಗೂಡದೆ 2002ರ ಜನವರಿಯಲ್ಲಿ ಬಾಗಿಲು ಮುಚ್ಚಿತು. ಅಲ್ಲಿ ಕೆಲಸ ಮಾಡಿದ ಸ್ಯಾಮ್ ಲ್ಯಾಂಟಿಂಗಾ ಕಟ್ಟಿದ ಎಸ್‌ಡಿಎಲ್ ಎಂಬ ತಂತ್ರಾಂಶ ಮಾತ್ರ ಉಳಿದುಕೊಂಡಿತು. ಕೀಲಿಮಣೆ, ಧ್ವನಿ, ಪರದೆ ಇವುಗಳ ವ್ಯವಹಾರವನ್ನು ಎಲ್ಲ ಆಪರೇಟಿಂಗ್ ಸಿಸ್ಟಮ್‌ಗಳಲ್ಲೂ ಒಂದೇ ರೀತಿಯಲ್ಲಿ ನೋಡಿಕೊಳ್ಳುವ ಈ ಸಲಕರಣೆಯನ್ನು ಇಂದಿಗೂ ಅಸಂಖ್ಯ ಆಟಗಳು ಬಳಸುತ್ತವೆ. ಲೋಕಿ ಮಾರಿದ ಪೆಟ್ಟಿಗೆಗಳು ಸಂಗ್ರಾಹಕರ ಪಾಲಾದವು, ಅದರ ಸಲಕರಣೆ ಎಲ್ಲರದಾಯಿತು.

ಕೊಳ್ಳುವವರು ಇದ್ದಾರೆಯೇ ಎಂಬ ಈ ಅನುಮಾನವನ್ನು ಆಟ ತಯಾರಾಗುವ ಮೊದಲೇ ಪರಿಹರಿಸಿದ್ದು ಕ್ರೌಡ್‌ಫಂಡಿಂಗ್, ಅಂದರೆ ಜನವಂತಿಗೆ. ಕನ್ನಡದಲ್ಲಿ ದೊಡ್ಡ ಗ್ರಂಥಗಳಿಗೆ ಪ್ರಕಟಣಪೂರ್ವ ರಿಯಾಯಿತಿ ದರ ಸಾರಿ ಓದುಗರಿಂದ ಮುಂಗಡ ಪಡೆದು ಅಚ್ಚು ಹಾಕಿಸುವ ಪದ್ಧತಿ ಇದೆಯಷ್ಟೆ. ಇದೂ ಅದೇ ಜಾತಿಯದು. ವ್ಯತ್ಯಾಸವೆಂದರೆ, 2009ರಲ್ಲಿ ಆರಂಭವಾದ ಕಿಕ್‌ಸ್ಟಾರ್ಟರ್‌ನಂತಹ ವೇದಿಕೆಗಳಲ್ಲಿ ಸಾರಿದ ಮೊತ್ತ ಗೊತ್ತುಪಡಿಸಿದ ದಿನದೊಳಗೆ ಪೂರ್ತಿ ಕೂಡದಿದ್ದರೆ ಯಾರಿಂದಲೂ ಒಂದು ಕಾಸನ್ನೂ ಪಡೆಯುವಂತಿಲ್ಲ, ಕೂಡಿದರೆ ಮೊತ್ತ ಎಷ್ಟಾದರೂ ಮೀರಿ ಬೆಳೆಯಬಹುದು. ಹಾಗೆ ಮೀರಿ ಬಂದ ಹಣಕ್ಕೆ ಪ್ರತಿಯಾಗಿ ನೀಡುವ ಹೆಚ್ಚುವರಿ ವಾಗ್ದಾನಗಳಿಗೆ ಸ್ಟ್ರೆಚ್ ಗೋಲ್ ಎಂದು ಹೆಸರು. ಲಿನಕ್ಸ್ ಆಟಗಳ ಇತಿಹಾಸದಲ್ಲಿ ಈ ಪದಕ್ಕೆ ದೊಡ್ಡ ಪಾತ್ರವಿದೆ.

ಕ್ರೌಡ್‌ಫಂಡಿಂಗ್ ಎಂಬ ಹೆಸರು ರೂಢಿಗೆ ಬರುವ ಮೊದಲೇ ಅದರ ಅತ್ಯುತ್ತಮ ನಿದರ್ಶನವೊಂದು ನಡೆದುಹೋಗಿತ್ತು. ಮೂರು ಆಯಾಮದ ಆಕೃತಿಗಳನ್ನು ರೂಪಿಸುವ ಬ್ಲೆಂಡರ್ ತಂತ್ರಾಂಶವನ್ನು ಕಟ್ಟಿದ ನೆದರ್‌ಲೆಂಡ್ಸ್‌ನ ಕಂಪನಿ 2002ರಲ್ಲಿ ಮುಚ್ಚಿದಾಗ, ಅದರ ಕರ್ತೃ ಟಾನ್ ರೋಸೆಂಡಾಲ್ ಹೂಡಿಕೆದಾರರೊಂದಿಗೆ ಒಂದು ಒಪ್ಪಂದಕ್ಕೆ ಬಂದರು: 1 ಲಕ್ಷ ಯೂರೋ ಕೊಟ್ಟರೆ ಅದರ ಸೋರ್ಸ್ ಕೋಡ್, ಎಂದರೆ ತಂತ್ರಾಂಶವನ್ನು ಬರೆದ ಮೂಲ ಪಠ್ಯ, ಎಲ್ಲರಿಗೂ ಮುಕ್ತವಾಗಬೇಕು. ಬಳಕೆದಾರರು ಏಳೇ ವಾರಗಳಲ್ಲಿ ಆ ಹಣ ಕೂಡಿಸಿದರು, ಅದೇ ವರ್ಷದ ಅಕ್ಟೋಬರ್ 13ರಂದು ಬ್ಲೆಂಡರ್ ಮುಕ್ತ ತಂತ್ರಾಂಶವಾಯಿತು. ಲಿನಕ್ಸ್ ಮೇಲೆ ಆಟದ ಪಾತ್ರಗಳನ್ನೂ ಪರಿಸರವನ್ನೂ ಕಡೆದು ನಿಲ್ಲಿಸಬೇಕೆಂದವರಿಗೆ ಒಂದು ಪರಿಪೂರ್ಣ ಸಾಧನ ಖರ್ಚಿಲ್ಲದೆ ಸಿಕ್ಕಿತು. ಈ ಕ್ಷೇತ್ರದಲ್ಲಿ ಜನರು ಕೊಟ್ಟ ಯಾವ ಮೊತ್ತವೂ ಇಷ್ಟು ದೀರ್ಘ ಫಲ ನೀಡಿಲ್ಲ.

ಎರಡನೆಯ ಘಟ್ಟ 2010ರ ಮೇ ತಿಂಗಳಿನದು. ವುಲ್ಫೈರ್ ಗೇಮ್ಸ್ ಸಂಸ್ಥೆ ‘ವರ್ಲ್ಡ್ ಆಫ್ ಗೂ’, ‘ಅಕ್ವೇರಿಯಾ’, ‘ಗಿಶ್’ ಮೊದಲಾದ ಸಣ್ಣ ತಂಡಗಳ ಆಟಗಳನ್ನು ಒಟ್ಟುಗೂಡಿಸಿ, ಕೊಳ್ಳುವವರು ತಮಗೆ ತೋಚಿದ ಬೆಲೆ ಕೊಡಬಹುದೆಂದು ಸಾರಿ, ಹಂಬಲ್ ಇಂಡಿ ಬಂಡಲ್ ಎಂಬ ಹೆಸರಿನಲ್ಲಿ ಮಾರಿತು. ಇದು ಕಟ್ಟುನಿಟ್ಟಾದ ಅರ್ಥದಲ್ಲಿ ಜನವಂತಿಗೆಯಲ್ಲ, ಅದರ ಹತ್ತಿರದ ನೆಂಟ. ಆದರೆ ಮಾರಾಟ ನಡೆಯುತ್ತಿದ್ದಂತೆಯೇ ವಿಂಡೋಸ್, ಮ್ಯಾಕ್, ಲಿನಕ್ಸ್ ಬಳಕೆದಾರರು ಕೊಟ್ಟ ಸರಾಸರಿ ಮೊತ್ತವನ್ನು ಬೇರೆ ಬೇರೆಯಾಗಿ ಎಲ್ಲರಿಗೂ ಕಾಣುವಂತೆ ತೋರಿಸಿದ್ದು ಅದರ ವಿಶೇಷ. ಲಿನಕ್ಸ್ ಬಳಸುವವರಿಗೆ ಎಲ್ಲವೂ ಪುಕ್ಕಟೆ ಬೇಕು ಎಂಬ ಪೂರ್ವಗ್ರಹವನ್ನು ಆ ಅಂಕಿಗಳು ಸುಳ್ಳು ಮಾಡಿದವು. ಅವರು ಕೊಟ್ಟ ಸರಾಸರಿ ವಿಂಡೋಸ್ ಬಳಕೆದಾರರದಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು ಇತ್ತು. ಒಟ್ಟು ಮೊತ್ತ 10 ಲಕ್ಷ ಡಾಲರ್ ದಾಟಿದ್ದರಿಂದ ನಾಲ್ಕು ಆಟಗಳ ಸೋರ್ಸ್ ಕೋಡ್ ಕೂಡ ಹೊರಬಂತು. ಸಂಖ್ಯೆಯಲ್ಲಿ ಕಡಿಮೆಯಿದ್ದರೂ ಕೊಡುವ ಮನಸ್ಸಿನಲ್ಲಿ ಮುಂದಿರುವ ಗ್ರಾಹಕವರ್ಗವೊಂದು ಮೊದಲ ಬಾರಿಗೆ ಆಟದ ಉದ್ಯಮದ ಕಣ್ಣಿಗೆ ಬಿದ್ದದ್ದು ಹೀಗೆ.

ಇಷ್ಟರ ಹಿನ್ನೆಲೆಯಲ್ಲಿ 2012ರ ವರ್ಷ ಬಂತು. ಟಿಮ್ ಶೇಫರ್ ಅವರ ಡಬಲ್ ಫೈನ್ ಸಂಸ್ಥೆ ಫೆಬ್ರವರಿಯಲ್ಲಿ 4 ಲಕ್ಷ ಡಾಲರ್ ಕೇಳಿ ಕಿಕ್‌ಸ್ಟಾರ್ಟರ್‌ಗೆ ಬಂದಾಗ, 87,000ಕ್ಕೂ ಹೆಚ್ಚು ಜನ ಸೇರಿ 33 ಲಕ್ಷ ಡಾಲರ್‌ಗೂ ಮಿಕ್ಕಿ ಕೊಟ್ಟರು; ನಿರೀಕ್ಷೆ ಮೀರಿದ ಆ ಹಣವೇ ಮುಂದೆ ‘ಬ್ರೋಕನ್ ಏಜ್’ ಎಂದು ಹೆಸರಾದ ಆ ಆಟಕ್ಕೆ ಲಿನಕ್ಸ್ ಆವೃತ್ತಿಯನ್ನೂ ದಕ್ಕಿಸಿಕೊಟ್ಟಿತು. ಮರುತಿಂಗಳೇ ಬ್ರಯನ್ ಫಾರ್ಗೋ ಅವರ ಇನ್‌ಎಕ್ಸೈಲ್ ಸಂಸ್ಥೆ ‘ವೇಸ್ಟ್‌ಲ್ಯಾಂಡ್ 2’ಕ್ಕೆಂದು 9 ಲಕ್ಷ ಕೇಳಿ 29 ಲಕ್ಷ ಡಾಲರ್ ಪಡೆಯಿತು, ಅಲ್ಲಿಯೂ ಲಿನಕ್ಸ್ ಆವೃತ್ತಿ ಹೆಚ್ಚುವರಿ ವಾಗ್ದಾನವಾಗಿತ್ತು. ಇಬ್ಬರೇ ಆರಂಭಿಸಿದ ‘ಎಫ್‌ಟಿಎಲ್’ ಎಂಬ ಅಂತರಿಕ್ಷ ನೌಕೆಯ ಆಟ 10,000 ಡಾಲರ್ ಕೇಳಿ 2 ಲಕ್ಷ ಪಡೆದು, ಸೆಪ್ಟೆಂಬರ್‌ನಲ್ಲಿ ಲಿನಕ್ಸ್ ಆವೃತ್ತಿಯೊಂದಿಗೇ ಹೊರಬಂತು. ವರ್ಷ ಮುಗಿಯುವ ಮೊದಲು ಅಬ್ಸಿಡಿಯನ್ ಸಂಸ್ಥೆಯ ‘ಪಿಲ್ಲರ್ಸ್ ಆಫ್ ಎಟರ್ನಿಟಿ’ಗೆ ಸುಮಾರು 40 ಲಕ್ಷ ಡಾಲರ್ ಕೂಡಿತು, 2015ರ ಮಾರ್ಚ್ 26ರಂದು ಅದು ಬಿಡುಗಡೆಯಾದಾಗ ಲಿನಕ್ಸ್ ಬಳಕೆದಾರರು ಬೇರೆಯವರಿಗಿಂತ ಒಂದು ದಿನವೂ ಹೆಚ್ಚು ಕಾಯಬೇಕಾಗಲಿಲ್ಲ. ಹತ್ತಾರು ಗಂಟೆಗಳ ಕಥೆ, ಎಚ್ಚರದಿಂದ ಬರೆದ ಸಂಭಾಷಣೆ, ಕೈಯಿಂದ ಬಿಡಿಸಿದಂತಹ ಹಿನ್ನೆಲೆಗಳಿರುವ ಇಂತಹ ಪಾತ್ರಪ್ರಧಾನ ಆಟವೊಂದು ಮೊದಲ ದಿನವೇ ಲಿನಕ್ಸ್‌ಗೆ ಸಿಗುವುದನ್ನು ಅದಕ್ಕೆ ಐದು ವರ್ಷ ಮೊದಲು ಯಾರೂ ನಿರೀಕ್ಷಿಸುವಂತಿರಲಿಲ್ಲ.

ಈ ಆಟಗಳಿಗಿಂತ ಹೆಚ್ಚು ದೂರ ಮುಟ್ಟಿದ ಪರಿಣಾಮ ಗೇಮ್ ಎಂಜಿನ್‌ಗಳ ಮೇಲಾಯಿತು. ಬೆಳಕು, ಚಲನೆ, ಡಿಕ್ಕಿ, ಧ್ವನಿ ಮುಂತಾದ ಎಲ್ಲ ಆಟಗಳಿಗೂ ಸಾಮಾನ್ಯವಾದ ಕೆಲಸಗಳನ್ನು ಮೊದಲೇ ಸಿದ್ಧಮಾಡಿ ಕೊಡುವ ಅಡಿಪಾಯದ ತಂತ್ರಾಂಶವನ್ನು ಗೇಮ್ ಎಂಜಿನ್ ಎನ್ನುತ್ತಾರೆ. ‘ವೇಸ್ಟ್‌ಲ್ಯಾಂಡ್ 2’ ಆರಿಸಿಕೊಂಡ ಯೂನಿಟಿ ಎಂಜಿನ್‌ನಿಂದ ಆಗ ಲಿನಕ್ಸ್‌ಗೆ ಆಟ ಹೊರಡಿಸುವ ಸೌಲಭ್ಯವೇ ಇರಲಿಲ್ಲ. 2012ರ ನವೆಂಬರ್‌ನಲ್ಲಿ ಬಂದ ಅದರ ನಾಲ್ಕನೆಯ ಆವೃತ್ತಿಯಲ್ಲಿ ಆ ಸೌಲಭ್ಯ ಸೇರಿತು. ಒಂದೇ ಆಟದ ಒತ್ತಡದಿಂದ ಇದಾಯಿತೆಂದರೆ ಅತಿಶಯೋಕ್ತಿಯಾದೀತು. ಆದರೆ ಲಕ್ಷಗಟ್ಟಲೆ ಡಾಲರ್‌ಗಳೊಂದಿಗೆ ಲಿನಕ್ಸ್ ಆವೃತ್ತಿಯ ಋಣ ಹೊತ್ತ ಗ್ರಾಹಕರು ಸಾಲುಗಟ್ಟಿರುವಾಗ, ಎಂಜಿನ್ ಮಾರುವವರು ಅದನ್ನು ಗಮನಿಸದಿರಲು ಸಾಧ್ಯವಿರಲಿಲ್ಲ. ಯೂನಿಟಿಯಲ್ಲಿ ಆ ಸೌಲಭ್ಯ ಬಂದ ಮೇಲೆ, ಜನವಂತಿಗೆಯ ಹಂಗಿಲ್ಲದ ಸಾವಿರಾರು ಸಣ್ಣ ಆಟಗಳಿಗೂ ಲಿನಕ್ಸ್ ದಾರಿ ತೆರೆಯಿತು. ವಾಲ್ವ್ ತನ್ನ ಸ್ಟೀಮ್ ಅಂಗಡಿಯನ್ನು ಲಿನಕ್ಸ್‌ಗೆ ತರುವ ಪ್ರಯತ್ನ ಬಹಿರಂಗಪಡಿಸಿದ್ದು 2012ರ ಜುಲೈಯಲ್ಲಿ, ಎಲ್ಲರಿಗೂ ತೆರೆದದ್ದು 2013ರ ಫೆಬ್ರವರಿ 14ರಂದು. ವಿಂಡೋಸ್ 8ರ ಬಗೆಗಿನ ಅಸಮಾಧಾನ ಆ ಕಂಪನಿಗೆ ಮುಖ್ಯ ಪ್ರೇರಣೆಯಾಗಿತ್ತಾದರೂ, ಅಂಗಡಿ ತೆರೆದಾಗ ಅಲ್ಲಿ ಇಡಲು ಒಂದಿಷ್ಟು ಸರಕನ್ನು ಹಂಬಲ್ ಮತ್ತು ಕಿಕ್‌ಸ್ಟಾರ್ಟರ್‌ಗಳ ಗ್ರಾಹಕರು ಮೊದಲೇ ಒದಗಿಸಿದ್ದರು.

ಇನ್ನು ಹುಸಿಯಾದ ವಾಗ್ದಾನಗಳ ಮಾತು. ಲಾರಿಯನ್ ಸಂಸ್ಥೆಯ ‘ಡಿವಿನಿಟಿ: ಒರಿಜಿನಲ್ ಸಿನ್’ 2014ರ ಜೂನ್‌ನಲ್ಲಿ ವಿಂಡೋಸ್‌ಗೆ ಬಂತು, ವಂತಿಗೆ ಕೊಟ್ಟ ಲಿನಕ್ಸ್ ಬಳಕೆದಾರರ ಕೈಸೇರಲು 2015ರ ಡಿಸೆಂಬರ್ ಆಯಿತು. ತಡವಾದರೂ ಬಂದದ್ದು ಸಮಾಧಾನ. 2015ರಲ್ಲಿ 55 ಲಕ್ಷ ಡಾಲರ್ ಕೂಡಿಸಿದ ‘ಬ್ಲಡ್‌ಸ್ಟೇನ್ಡ್: ರಿಚುಯಲ್ ಆಫ್ ದ ನೈಟ್’ ಮಾತ್ರ ಬಿಡುಗಡೆಗೆ ಆರು ತಿಂಗಳಿರುವಾಗ, 2018ರ ಡಿಸೆಂಬರ್‌ನಲ್ಲಿ, ಲಿನಕ್ಸ್ ಮತ್ತು ಮ್ಯಾಕ್ ಆವೃತ್ತಿಗಳನ್ನು ಕೈಬಿಟ್ಟಿತು. ಜೂಲಿಯನ್ ಗೊಲೊಪ್ ಅವರ ‘ಫೀನಿಕ್ಸ್ ಪಾಯಿಂಟ್’ 2017ರಲ್ಲಿ ಫಿಗ್ ಎಂಬ ವೇದಿಕೆಯಲ್ಲಿ ಲಿನಕ್ಸ್ ಹೆಸರು ಹೇಳಿಯೇ ಹಣ ಎತ್ತಿತ್ತು, 2019ರ ಡಿಸೆಂಬರ್‌ನಲ್ಲಿ ಆಟ ಬಂದಾಗ ಲಿನಕ್ಸ್ ಆವೃತ್ತಿ ಇರಲಿಲ್ಲ.

ಇದಕ್ಕೆಲ್ಲ ದುರುದ್ದೇಶವನ್ನು ಆರೋಪಿಸುವ ಮೊದಲು ಪೋರ್ಟ್ ಕೆಲಸದ ಒಳಗನ್ನು ತಿಳಿಯುವುದು ನ್ಯಾಯ. ವಿಂಡೋಸ್‌ನಲ್ಲಿ ಒಂದು ಚಿತ್ರದ ಕಡತಕ್ಕೆ ಹೆಸರಿಡುವಾಗ ಮೊದಲ ಅಕ್ಷರ ಇಂಗ್ಲಿಷಿನ ದೊಡ್ಡಕ್ಷರವಾಗಿದ್ದು, ಆಟದ ಕೋಡ್‌ನಲ್ಲಿ ಅದೇ ಹೆಸರನ್ನು ಸಣ್ಣಕ್ಷರದಲ್ಲಿ ಬರೆದಿದ್ದರೆ ಏನೂ ತೊಂದರೆಯಿಲ್ಲ, ಎರಡೂ ಒಂದೇ ಎಂದು ವಿಂಡೋಸ್ ಭಾವಿಸುತ್ತದೆ. ಲಿನಕ್ಸ್‌ಗೆ ಅವು ಎರಡು ಬೇರೆ ಕಡತಗಳು. ಚಿತ್ರ ಸಿಗದೆ ಗೋಡೆಯೊಂದು ಬೋಳಾಗಿ ನಿಲ್ಲುತ್ತದೆ, ಇಲ್ಲವೆ ಆಟವೇ ನಿಂತುಹೋಗುತ್ತದೆ. ಹತ್ತಾರು ಸಾವಿರ ಕಡತಗಳಿರುವ ಆಟದಲ್ಲಿ ಇಂತಹ ತಪ್ಪುಗಳನ್ನು ಹೆಕ್ಕುವುದು ಸಹನೆಯ ಕೆಲಸ, ಆದರೂ ಇದು ಸುಲಭದ ಪಾಲು. ಚಿತ್ರ ಮೂಡಿಸಲು ವಿಂಡೋಸ್‌ನದೇ ಆದ ಡೈರೆಕ್ಟ್‌ಎಕ್ಸ್ ಬಳಸಿದ್ದರೆ ಆ ಭಾಗವನ್ನೆಲ್ಲ ಲಿನಕ್ಸ್‌ನಲ್ಲೂ ನಡೆಯುವ ಓಪನ್‌ಜಿಎಲ್ ಅಥವಾ ವಲ್ಕನ್‌ಗೆ ತಿರುಗಿ ಬರೆಯಬೇಕು. ವಿಡಿಯೋ ತೋರಿಸಲು, ಆನ್‌ಲೈನ್ ಆಟಕ್ಕೆ ಜನರನ್ನು ಜೋಡಿಸಲು ಹೊರಗಿನಿಂದ ಕೊಂಡು ತಂದ ಸಿದ್ಧ ತಂತ್ರಾಂಶಗಳಿಗೆ ಲಿನಕ್ಸ್ ಆವೃತ್ತಿಯೇ ಇಲ್ಲದಿದ್ದರೆ ಆಟದ ತಂಡ ಕೈಚೆಲ್ಲಬೇಕಾಗುತ್ತದೆ. ‘ಬ್ಲಡ್‌ಸ್ಟೇನ್ಡ್’ ತಂಡ ಕೊಟ್ಟ ಕಾರಣವೂ ಇದೇ ಬಗೆಯದು.

ದೋಷವಿರುವುದು ಸ್ಟ್ರೆಚ್ ಗೋಲ್ ಎಂಬ ಕ್ರಮದಲ್ಲಿ. ಲಿನಕ್ಸ್ ಆವೃತ್ತಿಯ ಹಣ ಮೊದಲ ತಿಂಗಳಲ್ಲಿ ಬರುತ್ತದೆ, ಕೆಲಸ ಕೊನೆಯ ತಿಂಗಳಿಗೆ ಬೀಳುತ್ತದೆ; ನಡುವಿನ ಮೂರು ನಾಲ್ಕು ವರ್ಷಗಳಲ್ಲಿ ಆ ಹಣ ಆಟದ ಸಾಮಾನ್ಯ ಖರ್ಚಿನಲ್ಲಿ ಕರಗಿಹೋಗಿರುತ್ತದೆ. ಆರಂಭದಿಂದಲೇ ಮೂರೂ ವ್ಯವಸ್ಥೆಗಳಿಗೆಂದು ಯೋಜಿಸಿದ ‘ಎಫ್‌ಟಿಎಲ್’ನಂತಹ ಆಟಗಳು ಮಾತು ಉಳಿಸಿಕೊಂಡವು, ಪ್ರಚಾರದ ಬಿಸಿಯಲ್ಲಿ ಲಿನಕ್ಸನ್ನು ಪಟ್ಟಿಗೆ ಸೇರಿಸಿದ ಕೆಲವು ಎಡವಿದವು. ಪ್ರೋಟಾನ್ ಬಂದ ಮೇಲೆ ಅನೇಕ ತಂಡಗಳು ಲಿನಕ್ಸ್‌ಗೆಂದು ಬೇರೆ ಆವೃತ್ತಿ ಮಾಡುವುದನ್ನೇ ಬಿಟ್ಟಿವೆ. ಆಡುವವರಿಗೆ ಇದರಿಂದ ನಷ್ಟವಾಗಿಲ್ಲ, ಎಷ್ಟೋ ಸಲ ಅರೆಮನಸ್ಸಿನ ಪೋರ್ಟ್‌ಗಿಂತ ಪ್ರೋಟಾನ್ ಮೇಲೆಯೇ ಆಟ ಚೆನ್ನಾಗಿ ನಡೆಯುತ್ತದೆ. ಆದರೆ ಹಾಗೆ ನಡೆಸುವ ಹೊಣೆ ಈಗ ಮುಖ್ಯವಾಗಿ ಒಂದೇ ಕಂಪನಿಯ ಇಚ್ಛೆ ಮತ್ತು ಹಣದ ಮೇಲೆ ನಿಂತಿದೆ.

ಗುರಿ ಮುಟ್ಟದ ವಂತಿಗೆಯೂ ವ್ಯರ್ಥವಲ್ಲ ಎಂಬುದಕ್ಕೆ ‘0 ಎ.ಡಿ.’ ಎಂಬ ಮುಕ್ತ ಯುದ್ಧತಂತ್ರದ ಆಟ ಸಾಕ್ಷಿ. 2013ರಲ್ಲಿ, ಗುರಿ ಮುಟ್ಟದಿದ್ದರೂ ಕೂಡಿದಷ್ಟು ಹಣ ಪಡೆಯಲು ಬಿಡುವ ಇಂಡಿಗೋಗೋ ವೇದಿಕೆಯಲ್ಲಿ 1,60,000 ಡಾಲರ್ ಕೇಳಿದ ಅದಕ್ಕೆ ಸಿಕ್ಕಿದ್ದು ಸುಮಾರು ಐದರಲ್ಲೊಂದು ಭಾಗ. ಆದರೂ ಸ್ವಯಂಸೇವಕರು ಅದನ್ನು ಕೈಬಿಡಲಿಲ್ಲ, ಮೌರ್ಯ ಸಾಮ್ರಾಜ್ಯವನ್ನೂ ಒಳಗೊಂಡ ಆ ಆಟ ಇಂದಿಗೂ ಹೊಸ ಆವೃತ್ತಿಗಳನ್ನು ಕಾಣುತ್ತಿದೆ.

ವಂತಿಗೆಯಿಂದ ಬೆಳೆದ ಸಲಕರಣೆಗಳಲ್ಲಿ ಸದ್ಯಕ್ಕೆ ಎಲ್ಲಕ್ಕಿಂತ ಮುಖ್ಯವಾದದ್ದು ಗೊಡೊ ಎಂಜಿನ್. ಅರ್ಜೆಂಟೀನಾದ ಹ್ವಾನ್ ಲಿನಿಯೆಟ್ಸ್‌ಕಿ ಮತ್ತು ಏರಿಯಲ್ ಮಂಸೂರ್ ಕಟ್ಟಿ 2014ರಲ್ಲಿ ಮುಕ್ತಗೊಳಿಸಿದ ಇದು, 2017ರಿಂದ ಪೇಟ್ರಿಯಾನ್ ವೇದಿಕೆಯ ಮೂಲಕ ಪ್ರತಿ ತಿಂಗಳೂ ಸಣ್ಣ ಸಣ್ಣ ಮೊತ್ತ ಪಡೆಯತೊಡಗಿತು. ಒಮ್ಮೆಲೇ ದೊಡ್ಡ ಮೊತ್ತ ಎತ್ತಿ ವಾಗ್ದಾನ ಕೊಡುವ ಬದಲು, ಕೆಲಸ ಮಾಡುವವರಿಗೆ ತಿಂಗಳ ಸಂಬಳ ಒದಗಿಸುವ ಕ್ರಮ ಇದು. 2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ ಕಂಪನಿ ಆಟ ಸ್ಥಾಪಿಸಿಕೊಂಡ ಲೆಕ್ಕದಲ್ಲಿ ಶುಲ್ಕ ವಿಧಿಸುವುದಾಗಿ ಸಾರಿದಾಗ ಸಿಟ್ಟಿಗೆದ್ದ ಸಣ್ಣ ತಂಡಗಳು ಗೊಡೊ ಕಡೆಗೆ ಹೊರಳಿದವು, ‘ಟೆರಾರಿಯಾ’ ಆಟದ ತಯಾರಕರಾದ ರೀ-ಲಾಜಿಕ್ 1 ಲಕ್ಷ ಡಾಲರ್ ನೀಡಿದರು. ಲಿನಕ್ಸ್ ಗಣಕದ ಮೇಲೆಯೇ ಆಟ ಕಟ್ಟಿ, ಲಿನಕ್ಸ್, ವಿಂಡೋಸ್, ಮ್ಯಾಕ್ ಮೂರಕ್ಕೂ ಹೊರಡಿಸಲು ಗೊಡೊದಲ್ಲಿ ಕಾಸು ಖರ್ಚಿಲ್ಲ.

ಕನ್ನಡಿಗರಿಗೆ ಇದರಲ್ಲಿ ನೇರವಾದ ಲಾಭವೊಂದಿದೆ. ಗೊಡೊ ಮೂರನೆಯ ಆವೃತ್ತಿಯವರೆಗೆ ಅಕ್ಷರಗಳನ್ನು ಒಂದರ ಪಕ್ಕ ಒಂದರಂತೆ ಇಡುತ್ತಿತ್ತಾದ್ದರಿಂದ ‘ಅಕ್ಷರ’ ಎಂದು ಬರೆದರೆ ಕ್ಷಕಾರ ಒಡೆದು ಕಕಾರ, ಹಲಂತ, ಷಕಾರಗಳು ಬಿಡಿಬಿಡಿಯಾಗಿ ನಿಲ್ಲುತ್ತಿದ್ದವು. ಒತ್ತಕ್ಷರಗಳಿಲ್ಲದೆ ಕನ್ನಡದ ಸಂಭಾಷಣೆ ಬರೆಯುವುದು ಅಸಾಧ್ಯ. 2023ರ ಮಾರ್ಚ್ 1ರಂದು ಬಂದ ನಾಲ್ಕನೆಯ ಆವೃತ್ತಿ ಇಂತಹ ಲಿಪಿಗಳನ್ನು ಸರಿಯಾಗಿ ಜೋಡಿಸುವ ವ್ಯವಸ್ಥೆಯನ್ನು ಅಳವಡಿಸಿಕೊಂಡಿದ್ದು, ಈಗ ಕನ್ನಡ ಕನ್ನಡವಾಗಿಯೇ ಮೂಡುತ್ತದೆ. ಕನ್ನಡದಲ್ಲಿ ಕಥೆ ಹೇಳುವ ಆಟ ಬರಬೇಕೆಂದು ಬಯಸುವವರು, ಲಿನಕ್ಸ್ ಆವೃತ್ತಿಯನ್ನು ಕೊಸರಿನಂತೆ ಸೇರಿಸಿದ ಆಟಗಳಿಗೆ ಹಣ ಕೊಡುವ ಮೊದಲು ಆ ತಂಡದ ಹಿಂದಿನ ಕೆಲಸವನ್ನು ಪರಿಶೀಲಿಸಲಿ; ತಿಂಗಳಿಗೆ ಒಂದಿಷ್ಟು ಕೊಡಲು ಶಕ್ತಿಯಿದ್ದರೆ ಗೊಡೊ, ಬ್ಲೆಂಡರ್‌ಗಳಂತಹ ಸಲಕರಣೆಗಳ ನಿಧಿಗೆ ಕೊಡಲಿ.