ಪ್ರಬೋಧನೆಗೆ ಒದಗದ ಮೂರು ಚಿತ್ರಗಳು

ಯಾಜಕನಾದವನು ನೋಡಲೇಬೇಕಾದ ಚಲನಚಿತ್ರಗಳು ಯಾವುವು ಎಂದು ಗುರುಮಠದ ವಿದ್ಯಾರ್ಥಿಗಳೂ ಧರ್ಮಕೇಂದ್ರಗಳಲ್ಲಿರುವ ಗುರುಗಳೂ ನಮ್ಮಲ್ಲಿ ಆಗಾಗ ಕೇಳುವುದುಂಟು. ಈ ಪ್ರಶ್ನೆಯ ಹಿಂದೆ ಬಹುಮಟ್ಟಿಗೆ ಇನ್ನೊಂದು ಪ್ರಶ್ನೆ ಅಡಗಿರುತ್ತದೆ. ಭಾನುವಾರದ ಪ್ರಬೋಧನೆಗೆ, ಯುವಜನರ ಧ್ಯಾನಕೂಟಕ್ಕೆ, ಧರ್ಮೋಪದೇಶದ ತರಗತಿಗೆ ಯಾವ ಚಿತ್ರದ ಯಾವ ಐದು ನಿಮಿಷಗಳು ಒದಗುತ್ತವೆ ಎಂಬುದೇ ಅದು. ಪಾಲನಾಸೇವೆಯ ಒತ್ತಡವನ್ನು ಬಲ್ಲ ನಾವು ಈ ಪ್ರಶ್ನೆಯನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಚಿತ್ರವೊಂದನ್ನು ದೃಷ್ಟಾಂತಕ್ಕೆಂದು ಕತ್ತರಿಸಿದಾಗ ಅದರಲ್ಲಿ ನಮಗೆ ಕಾಣುವುದು ನಮಗೆ ಮೊದಲೇ ತಿಳಿದಿದ್ದ ಸಂಗತಿ ಮಾತ್ರ. ನಮಗೆ ಅತ್ಯಂತ ಪ್ರಿಯವಾದ ಚಿತ್ರಗಳು ಹೀಗೆ ಕತ್ತರಿಸಲು ಒಪ್ಪದಂಥವು. ಅವು ಪ್ರಬೋಧನೆಗೆ ಒದಗುವುದಿಲ್ಲ, ಪ್ರಬೋಧಕನನ್ನು ತಿದ್ದುತ್ತವೆ. ಅಂಥ ಮೂರನ್ನು ಇಲ್ಲಿ ಪರಿಶೀಲಿಸಲು ಬಯಸುತ್ತೇವೆ.

ಚಲನಚಿತ್ರದ ಬಗ್ಗೆ ಧರ್ಮಸಭೆಯ ನಿಲುವು ಬಹುಕಾಲ ಎಚ್ಚರಿಕೆಯದಾಗಿತ್ತು. 1936ರಲ್ಲಿ ಹನ್ನೊಂದನೆಯ ಭಕ್ತಿನಾಥರು ಹೊರಡಿಸಿದ ‘ವಿಜಿಲಾಂತಿ ಕೂರಾ’ ವಿಶ್ವಪತ್ರದ ಮುಖ್ಯ ಕಾಳಜಿ ಪ್ರೇಕ್ಷಕರ ನೈತಿಕ ರಕ್ಷಣೆ. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ‘ಇಂತೆರ್ ಮಿರಿಫಿಕಾ’ ಆದೇಶಪತ್ರದ ಮೂಲಕ ಸಮೂಹ ಮಾಧ್ಯಮಗಳನ್ನು ಮನುಷ್ಯ ಪ್ರತಿಭೆಯ ಫಲಗಳೆಂದು ಆದರದಿಂದ ಕಂಡಿತು. ಸಿನಿಮಾಕ್ಕೆ ನೂರು ವರ್ಷ ತುಂಬಿದ 1995ರಲ್ಲಿ ವ್ಯಾಟಿಕನ್ 45 ಚಿತ್ರಗಳ ಪಟ್ಟಿಯೊಂದನ್ನು ಪ್ರಕಟಿಸಿ, ಅವನ್ನು ಧರ್ಮ, ಮೌಲ್ಯ, ಕಲೆ ಎಂದು ಮೂರಾಗಿ ವಿಂಗಡಿಸಿತು. ಧರ್ಮದ ವಿಭಾಗದಲ್ಲಿ ನಾಸ್ತಿಕನೆಂದು ಹೆಸರಾದ ಲೂಯಿಸ್ ಬುನುವೆಲ್‌ನ ‘ನಜಾರಿನ್’ ಇದೆ. ಮಾರ್ಕ್ಸ್‌ವಾದಿ ಪಸೋಲಿನಿಯು ಮತ್ತಾಯನ ಶುಭಸಂದೇಶವನ್ನು ಆಧರಿಸಿ ತೆಗೆದ ಚಿತ್ರವೂ ಇದೆ. ನಿರ್ದೇಶಕನ ವಿಶ್ವಾಸವನ್ನು ತೂಗುವುದಕ್ಕಿಂತ ಚಿತ್ರದ ಸತ್ಯವನ್ನು ಪರೀಕ್ಷಿಸುವುದು ಮುಖ್ಯವೆಂಬ ಪಾಠ ಈ ಪಟ್ಟಿಯಲ್ಲಿದೆ.

ನಮ್ಮ ಮೊದಲ ಚಿತ್ರ ಇದೇ ಪಟ್ಟಿಯ ಮೌಲ್ಯ ವಿಭಾಗದಲ್ಲಿರುವ, ವಿಟ್ಟೋರಿಯೊ ಡೆ ಸಿಕಾ ನಿರ್ದೇಶಿಸಿದ ‘ಬೈಸಿಕಲ್ ಥೀವ್ಸ್’ (1948). ಕಥೆ ಪ್ರಸಿದ್ಧವಾದುದು. ಯುದ್ಧಾನಂತರದ ರೋಮ್ ನಗರದಲ್ಲಿ ಬಹುದಿನ ನಿರುದ್ಯೋಗಿಯಾಗಿದ್ದ ಅಂತೋನಿಯೊಗೆ ಗೋಡೆಗಳಿಗೆ ಭಿತ್ತಿಪತ್ರ ಅಂಟಿಸುವ ಕೆಲಸ ಸಿಗುತ್ತದೆ. ಆದರೆ ಸೈಕಲ್ ಇರಬೇಕೆಂಬುದು ಷರತ್ತು. ಅಡವಿಟ್ಟ ಸೈಕಲ್ಲನ್ನು ಬಿಡಿಸಲು ಹೆಂಡತಿ ಮರಿಯ ಹಾಸಿಗೆಯ ಮೇಲುಹೊದಿಕೆಗಳನ್ನೇ ತೆಗೆದು ಅಡವಿಡುತ್ತಾಳೆ. ಆ ಗಂಟನ್ನು ಇಡಲು ಅಡವಿನಂಗಡಿಯವನು ಎತ್ತರದ ಕಪಾಟು ಹತ್ತುತ್ತಾನೆ. ಅಲ್ಲಿ ಮೇಲಿನವರೆಗೂ ಇತರ ಮನೆಗಳ ಹೊದಿಕೆಗಳ ಗಂಟುಗಳೇ ತುಂಬಿವೆ. ಒಂದು ಮಾತೂ ಇಲ್ಲದೆ ಇಡೀ ನಗರದ ಬಡತನ ಅಲ್ಲಿ ಕಾಣುತ್ತದೆ. ಕೆಲಸದ ಮೊದಲ ದಿನವೇ ಸೈಕಲ್ ಕಳುವಾಗುತ್ತದೆ. ಮಗ ಬ್ರೂನೊನೊಂದಿಗೆ ಅಂತೋನಿಯೊ ಅದನ್ನು ಹುಡುಕಿ ಅಲೆಯುವುದೇ ಉಳಿದ ಕಥೆ.

ಯಾಜಕರಾದ ನಾವು ನಿಂತು ನೋಡಬೇಕಾದ ದೃಶ್ಯಗಳು ಇದರಲ್ಲಿ ಎರಡಿವೆ. ಒಂದು, ದೇವಾಲಯದ ದೃಶ್ಯ. ಉಪಕಾರಬುದ್ಧಿಯ ಸ್ಥಿತಿವಂತರು ಬಡವರಿಗೆ ಕ್ಷೌರ ಮಾಡಿಸಿ, ಪೂಜೆಯಲ್ಲಿ ಕೂರಿಸಿ, ಅನಂತರ ಊಟ ಬಡಿಸುವ ಏರ್ಪಾಡು ಮಾಡಿದ್ದಾರೆ. ಕಳ್ಳನ ಸುಳಿವು ಬಲ್ಲ ಮುದುಕನೊಬ್ಬನನ್ನು ಅಂತೋನಿಯೊ ಅಲ್ಲಿಗೆ ಹಿಂಬಾಲಿಸುತ್ತಾನೆ, ಪೂಜೆಯ ನಡುವೆಯೇ ಅವನನ್ನು ಪೀಡಿಸಿ ಕೇಳುತ್ತಾನೆ. ಸುತ್ತಲಿನವರಿಗೆ ಅದು ಗದ್ದಲವಾಗಿ ಮಾತ್ರ ಕೇಳಿಸುತ್ತದೆ. ಅವನನ್ನು ಸುಮ್ಮನಿರಿಸಲು ನೋಡುತ್ತಾರೆ. ಅಲ್ಲಿ ದುಷ್ಟರು ಯಾರೂ ಇಲ್ಲ. ದಯೆಗೆ ಒಂದು ವೇಳಾಪಟ್ಟಿ ಇದೆ, ಈ ಮನುಷ್ಯನ ಸಂಕಟ ಆ ವೇಳಾಪಟ್ಟಿಯ ಹೊರಗಿದೆ, ಅಷ್ಟೇ.

ಇನ್ನೊಂದು, ಮಳೆಯ ದೃಶ್ಯ. ಪೋರ್ತಾ ಪೋರ್ತೇಸೆಯ ಸಂತೆಯಲ್ಲಿ ಮಳೆ ಸುರಿದಾಗ ತಂದೆ ಮಗ ಗೋಡೆಯೊಂದರ ಬದಿಗೆ ಸರಿದು ನಿಲ್ಲುತ್ತಾರೆ. ಅಲ್ಲಿಗೆ ನಿಲುವಂಗಿ ತೊಟ್ಟ ಗುರುವಿದ್ಯಾರ್ಥಿಗಳ ಗುಂಪೊಂದು ಓಡಿ ಬರುತ್ತದೆ. ಅವರು ತಮ್ಮೊಳಗೆ ಜರ್ಮನ್ ಭಾಷೆಯಲ್ಲಿ ಉಲ್ಲಾಸದಿಂದ ಹರಟುತ್ತಾರೆ. ಬ್ರೂನೊ ಅವರತ್ತ ಮುಖವೆತ್ತಿ ನೋಡುತ್ತಾನೆ. ಅವರಲ್ಲಿ ಯಾರೂ ಅವನನ್ನು ಗಮನಿಸುವುದಿಲ್ಲ. ನಿರ್ದೇಶಕನು ಅವರನ್ನು ಅಣಕಿಸುವುದಿಲ್ಲ, ಆರೋಪವನ್ನೂ ಹೊರಿಸುವುದಿಲ್ಲ. ಬದುಕು ಕುಸಿದ ಮನುಷ್ಯನ ಮಗ್ಗುಲಲ್ಲೇ ನಿಂತು, ಅವನಿಗೆ ತಿಳಿಯದ ಭಾಷೆಯಲ್ಲಿ ಮಾತನಾಡುತ್ತಿರುವವರನ್ನು ತೋರಿಸುತ್ತಾನೆ. ಗುರುಮಠದಲ್ಲಿ ನಾವು ಕಲಿಯುವ ಭಾಷೆ ಜನರ ಪಾಲಿಗೆ ಹೀಗೆಯೇ ಕೇಳಿಸುತ್ತಿರಬಹುದೇ ಎಂಬ ಪ್ರಶ್ನೆಯನ್ನು ನಾವೇ ಕೇಳಿಕೊಳ್ಳಬೇಕಾಗುತ್ತದೆ. ಚಿತ್ರದ ಸಂಗೀತ ಕೆಲವೆಡೆ ಮರುಕವನ್ನು ಒತ್ತಾಯದಿಂದ ಹೊರಡಿಸುತ್ತದೆ ಎಂಬ ಆಕ್ಷೇಪಕ್ಕೆ ಅವಕಾಶವುಂಟು. ಆದರೂ ಕೊನೆಯಲ್ಲಿ ತಾನೇ ಸೈಕಲ್ ಕದ್ದು ಸಿಕ್ಕಿಬಿದ್ದ ತಂದೆಯ ಕೈಯನ್ನು ಮಗ ಹಿಡಿಯುವಾಗ ಆ ಆಕ್ಷೇಪ ನಿಲ್ಲುವುದಿಲ್ಲ. ಮಗ ತಂದೆಯನ್ನು ಸಮರ್ಥಿಸುವುದೂ ಇಲ್ಲ, ದೂರುವುದೂ ಇಲ್ಲ.

ಎರಡನೆಯದು ರೊಬೆರ್ ಬ್ರೆಸೋಂ ನಿರ್ದೇಶನದ ‘ಡೈರಿ ಆಫ್ ಎ ಕಂಟ್ರಿ ಪ್ರೀಸ್ಟ್’ (1951). ಇದು ಜಾರ್ಜ್ ಬೆರ್ನಾನೋಸ್ 1936ರಲ್ಲಿ ಪ್ರಕಟಿಸಿದ ಕಾದಂಬರಿಯ ಚಿತ್ರರೂಪ. ಆಂಬ್ರಿಕೂರ್ ಎಂಬ ಹಳ್ಳಿಗೆ ಬಂದ ಯುವಗುರುವಿಗೆ ಹೊಟ್ಟೆಯ ಕಾಯಿಲೆ. ದ್ರಾಕ್ಷಾರಸದಲ್ಲಿ ಅದ್ದಿದ ರೊಟ್ಟಿಯನ್ನು ಬಿಟ್ಟು ಬೇರೇನೂ ಅವನಿಗೆ ಒಗ್ಗದು. ಜನ ಅವನನ್ನು ಕುಡುಕನೆಂದು ಆಡಿಕೊಳ್ಳುತ್ತಾರೆ. ಯಶಸ್ಸೆಂದು ಲೆಕ್ಕಕ್ಕೆ ಹಿಡಿಯಬಹುದಾದ ಯಾವುದೂ ಅವನ ಸೇವೆಯಲ್ಲಿಲ್ಲ. ಮಗುವನ್ನು ಕಳೆದುಕೊಂಡು ದೇವರೊಡನೆ ಹಗೆ ಸಾಧಿಸುತ್ತಿದ್ದ ಜಮೀನುದಾರನ ಪತ್ನಿ, ಅವನೊಡನೆ ನಡೆದ ದೀರ್ಘ ಸಂಭಾಷಣೆಯ ಕೊನೆಯಲ್ಲಿ ಶಾಂತಿಯನ್ನು ಪಡೆಯುತ್ತಾಳೆ. ಅದೇ ರಾತ್ರಿ ತೀರಿಕೊಳ್ಳುತ್ತಾಳೆ. ಅವಳ ಸಾವಿಗೆ ಗುರುವೇ ಕಾರಣವೆಂಬ ಅಪವಾದ ಹಬ್ಬುತ್ತದೆ. ಅವಳು ಕೃತಜ್ಞತೆಯಿಂದ ಬರೆದ ಪತ್ರ ಅವನ ಬಳಿ ಇದೆ. ತನ್ನ ಸಮರ್ಥನೆಗೆ ಅವನು ಅದನ್ನು ಬಳಸುವುದಿಲ್ಲ.

ಈ ಮೌನವೇ ಚಿತ್ರದ ಹೃದಯವೆಂದು ನಾವು ಭಾವಿಸುತ್ತೇವೆ. ಯಾಜಕನ ಬಳಿ ಜನರು ಬಿಚ್ಚಿಟ್ಟ ಅಂತರಂಗ ಯಾಜಕನ ಸೊತ್ತಲ್ಲ. ಪಾಪನಿವೇದನೆಯ ಗೌಪ್ಯವನ್ನು ನಾವು ನಿಯಮವಾಗಿ ಕಲಿಯುತ್ತೇವೆ. ಆ ಗೌಪ್ಯದ ಹಿಂದಿರುವ ಮನೋಧರ್ಮ ಎಂಥದೆಂಬುದನ್ನು ಈ ಚಿತ್ರ ತೋರಿಸುತ್ತದೆ. ಅಂತ್ಯವೂ ದೈವಶಾಸ್ತ್ರದ ವಿದ್ಯಾರ್ಥಿಗಳಿಗೆ ಮನನಯೋಗ್ಯವಾದುದು. ಗುರುಪದವಿಯನ್ನು ತೊರೆದ ಹಳೆಯ ಸಹಪಾಠಿಯ ಮನೆಯಲ್ಲಿ ಅವನು ಸಾಯುತ್ತಾನೆ, ಆ ಸಹಪಾಠಿಯಿಂದಲೇ ಪಾಪಕ್ಷಮೆಯನ್ನು ಬೇಡುತ್ತಾನೆ. ಸಾವಿನ ಅಪಾಯದಲ್ಲಿ ಯಾವ ಗುರುವಾದರೂ, ಸೇವಾಧಿಕಾರವಿಲ್ಲದವನೂ, ಪಾಪಕ್ಷಮೆ ನೀಡಬಹುದೆಂಬುದು ಧರ್ಮಸಭೆಯ ಕಾನೂನಿನ 976ನೆಯ ವಿಧಿ. ತರಗತಿಯಲ್ಲಿ ಅಪವಾದದಂತೆ ಕೇಳಿಸುವ ಆ ವಿಧಿ, ವರಪ್ರಸಾದವು ಮುರಿದ ಪಾತ್ರೆಯಿಂದಲೂ ಹರಿಯಬಲ್ಲದೆಂಬ ಸತ್ಯವಾಗಿ ಇಲ್ಲಿ ಕಾಣುತ್ತದೆ. ಗುರು ದಿನಚರಿಯಲ್ಲಿ ಬರೆಯುವುದನ್ನೇ ಧ್ವನಿ ಓದುತ್ತದೆ, ಅದನ್ನೇ ದೃಶ್ಯವೂ ತೋರಿಸುತ್ತದೆ. ಈ ಪುನರುಕ್ತಿ ಆರಂಭದಲ್ಲಿ ಬೇಸರ ತರಬಹುದು. ತಾಳ್ಮೆಯಿಂದ ನೋಡುವವನಿಗೆ ಅದು ಜಪದ ಲಯವಾಗಿ ಪರಿಣಮಿಸುತ್ತದೆ.

ಮೂರನೆಯದು ನಮ್ಮ ನಾಡಿನದೇ. ಯು. ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು ನಿರ್ದೇಶಿಸಿದ ‘ಘಟಶ್ರಾದ್ಧ’ (1977) ಸ್ವರ್ಣಕಮಲ ಪಡೆದ ಚಿತ್ರ. ಕಥೆ ನಡೆಯುವುದು ವೇದಪಾಠಶಾಲೆಯೊಂದರಲ್ಲಿ. ಅಲ್ಲಿ ಕಲಿಯಲು ಬಂದ ಬಾಲಕ ನಾಣಿಗೆ ಗುರುಗಳ ವಿಧವೆ ಮಗಳು ಯಮುನಕ್ಕನೇ ಆಸರೆ. ಅವಳು ಗರ್ಭಿಣಿಯಾದಾಗ ಊರು ಅವಳನ್ನು ಹೊರಗಟ್ಟುತ್ತದೆ. ಬದುಕಿರುವ ಮಗಳಿಗೆ ತಂದೆಯೇ ಶ್ರಾದ್ಧ ಮಾಡುತ್ತಾನೆ. ನಾಣಿಯನ್ನು ಅವನ ತಂದೆ ಬಂದು ಕರೆದೊಯ್ಯುತ್ತಾನೆ. ತಲೆ ಬೋಳಿಸಿಕೊಂಡು ಒಬ್ಬಳೇ ಕುಳಿತ ಯಮುನಕ್ಕನನ್ನು ಅವನು ಹೋಗುವ ದಾರಿಯಲ್ಲಿ ಕಾಣುತ್ತಾನೆ. ಅವಳನ್ನು ಮೋಸಗೊಳಿಸಿದ ಶಾಲಾಮಾಸ್ತರನ ಪಾತ್ರ ಹೊರಗೆರೆಯಷ್ಟೇ ಆಗಿ ಉಳಿಯುತ್ತದೆಂಬ ಕೊರತೆಯನ್ನು ಹೇಳಬಹುದು. ಆದರೆ ಕಥೆ ಬಾಲಕನ ಕಣ್ಣಿನದು. ಆ ಕಣ್ಣಿಗೆ ಕಂಡಷ್ಟನ್ನೇ ಚಿತ್ರ ಕೊಡುತ್ತದೆ.

ಇದನ್ನು ಇನ್ನೊಂದು ಧರ್ಮದವರ ಲೋಪಗಳ ಪಟ್ಟಿಯಾಗಿ ಕ್ರೈಸ್ತ ಗುರುವಿದ್ಯಾರ್ಥಿಗಳು ನೋಡಿದರೆ ಅದಕ್ಕಿಂತ ದೊಡ್ಡ ಅಪಚಾರವಿಲ್ಲ. ಪಾಠಶಾಲೆಯೂ ಗುರುಮಠವೂ ಒಂದೇ ಬಗೆಯ ಮನೆಗಳು. ಎರಡರಲ್ಲಿಯೂ ಮಕ್ಕಳು ಮನೆ ಬಿಟ್ಟು ಬಂದು ಪವಿತ್ರ ಗ್ರಂಥಗಳನ್ನು ಕಲಿಯುತ್ತಾರೆ. ಎರಡರಲ್ಲಿಯೂ ಶುದ್ಧಿಯ ಮಾತು ಹೆಚ್ಚು. ವಿವಾಹದ ಹೊರಗೆ ತಾಯಿಯಾದ ಹೆಣ್ಣುಮಗಳ ವಿಚಾರ ನಮ್ಮ ಧರ್ಮಕೇಂದ್ರಗಳಲ್ಲಿ ಹೇಗೆ ಮಾತಾಗುತ್ತದೆ ಎಂಬುದನ್ನು ಬಲ್ಲವರು ಈ ಚಿತ್ರವನ್ನು ತಮ್ಮದೆಂದೇ ನೋಡಬೇಕು. ಫರಿಸಾಯ ಸಿಮೋನನ ಮನೆಯಲ್ಲಿ ಪ್ರಭು ಅವನನ್ನು ಕೇಳಿದ್ದು, ಈ ಸ್ತ್ರೀಯನ್ನು ನೀನು ಕಾಣುತ್ತಿರುವೆಯಾ ಎಂದಲ್ಲವೇ? ಸಿಮೋನನಿಗೆ ಅವಳ ಪಾಪ ಕಂಡಿತ್ತು, ಅವಳು ಕಂಡಿರಲಿಲ್ಲ.

ಈ ಮೂರು ಚಿತ್ರಗಳನ್ನು ಒಂದೆಡೆ ಇರಿಸಿದರೆ ನೋಟದ ಮೂರು ಬಗೆಗಳು ಗೋಚರಿಸುತ್ತವೆ. ಮಳೆಯಲ್ಲಿ ನಿಂತ ಗುರುವಿದ್ಯಾರ್ಥಿಗಳು ಪಕ್ಕದಲ್ಲಿದ್ದೂ ಕಾಣಲಿಲ್ಲ. ಆಂಬ್ರಿಕೂರಿನ ಗುರು ಕಂಡದ್ದನ್ನು ತನ್ನ ಲಾಭಕ್ಕೆ ತಿರುಗಿಸಲಿಲ್ಲ. ನಾಣಿ ಎಲ್ಲವನ್ನೂ ಕಂಡ. ಬಾಲಕನಾದುದರಿಂದ ಏನನ್ನೂ ಮಾಡಲಾರದೆ ಹೋದ. ದಯಾಳು ಸಮಾರಿತನ ಸಾಮತಿಯಲ್ಲಿ ಸಂತ ಲೂಕರು ಯಾಜಕ, ಲೇವಿಯ, ಸಮಾರಿತ ಮೂವರೂ ಗಾಯಾಳುವನ್ನು ಕಂಡರೆಂದೇ ಬರೆಯುತ್ತಾರೆ. ಮೊದಲಿಬ್ಬರ ಕೊರತೆ ಕಣ್ಣಿನದಾಗಿರಲಿಲ್ಲ. ಕಂಡದ್ದು ಕರುಳನ್ನು ತಲುಪಲಿಲ್ಲ. ಅವರಲ್ಲಿ ಒಬ್ಬನು ನಮ್ಮ ವೃತ್ತಿಯವನೆಂಬುದನ್ನು ನಾವು ಮರೆಯುವಂತಿಲ್ಲ.

ನೋಟದಿಂದ ಕರುಣೆಯವರೆಗಿನ ಈ ದಾರಿಯನ್ನು ಸಿನಿಮಾ ತಾನಾಗಿ ಕ್ರಮಿಸಿಕೊಡುತ್ತದೆಂದು ನಾವು ಹೇಳುವುದಿಲ್ಲ. ಕತ್ತಲೆಯಲ್ಲಿ ಅತ್ತು ಬೆಳಕಿನಲ್ಲಿ ಮರೆಯುವುದು ಸುಲಭ. ಆದರೆ ತನಗೆ ಉಪಯೋಗವಿಲ್ಲದ ಮುಖವೊಂದನ್ನು ಅವಸರವಿಲ್ಲದೆ ಎರಡು ಗಂಟೆ ನೋಡುವ ಅಭ್ಯಾಸ ಸಣ್ಣದಲ್ಲ. ಕಚೇರಿಯ ಬಾಗಿಲಲ್ಲಿ ಕಾಗದಪತ್ರ ಹಿಡಿದು ನಿಂತವರನ್ನು ಐದು ನಿಮಿಷದಲ್ಲಿ ಕಳುಹಿಸಿಕೊಡುವ ನಮಗೆ ಆ ಅಭ್ಯಾಸದ ಅಗತ್ಯವಿದೆ.

ಆದುದರಿಂದ ನಮ್ಮ ಸಲಹೆ ಸರಳವಾದುದು. ಗುರುಮಠಗಳಲ್ಲಿ ವರ್ಷಕ್ಕೆ ಮೂರು ಚಿತ್ರಗಳಾದರೂ ಪೂರ್ಣವಾಗಿ, ನಡುವೆ ನಿಲ್ಲಿಸದೆ ತೋರಿಸಲ್ಪಡಲಿ. ಮುಗಿದ ಕೂಡಲೇ ಚರ್ಚೆ ಬೇಡ. ಆ ರಾತ್ರಿ ಮೌನವಿರಲಿ. ಮರುದಿನದ ಚರ್ಚೆಯಲ್ಲಿ ಈ ಚಿತ್ರದ ಸಂದೇಶವೇನು ಎಂದು ಕೇಳುವುದು ಬೇಡ. ಇದರಲ್ಲಿ ಯಾರನ್ನು ಯಾರೂ ಗಮನಿಸಲಿಲ್ಲ ಎಂದು ಕೇಳಿದರೆ ಸಾಕು. ಉತ್ತರ ಹುಡುಕುವಷ್ಟರಲ್ಲಿ ವಿದ್ಯಾರ್ಥಿಗಳಿಗೆ ತಮ್ಮ ಊರಿನ, ತಮ್ಮ ಧರ್ಮಕೇಂದ್ರದ ಕೆಲವು ಮುಖಗಳು ನೆನಪಾದರೆ ಚಿತ್ರ ತನ್ನ ಕೆಲಸವನ್ನು ಮಾಡಿದೆ. ಮುಂದಿನ ಕೆಲಸ ನಮ್ಮದು.